‘ಬದುಕಿನ ಉದ್ದೇಶ ಕಂಡುಕೊಳ್ಳಿ’ ಶಿಬಿರ: 3,500 ರೂಪಾಯಿ ಕೊಟ್ಟು ಹೋಗಬಹುದಾ?

ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ. ತಲೆಗೆ 3,500 ರೂಪಾಯಿ. ಅದರಲ್ಲೇ ಬರೆಯೋಕೆ ಜಾಗ ಇರುವ ಒಂದು ದಪ್ಪ ಪುಸ್ತಕ, ಪೆನ್ನು, ಎರಡು ಸಲ ಕಾಫಿ, ಮಧ್ಯಾಹ್ನದ ಊಟ. ಜಾಗ ದಕ್ಷಿಣ ಬೆಂಗಳೂರಿನ ಒಂದು ಹೋಟೆಲಿನ ಹಾಲ್. ನಡೆಸಿದವರ ಹೆಸರು ಹಾಕುತ್ತಿಲ್ಲ. ಇದೇ ಅಚ್ಚಿನ ಶಿಬಿರಗಳು ಈಗ ಎಲ್ಲ ಕಡೆ ನಡೆಯುತ್ತಿವೆ, ಸ್ಲೈಡುಗಳೂ ಹೆಚ್ಚುಕಮ್ಮಿ ಅವೇ, ಆದ್ದರಿಂದ ಒಬ್ಬರನ್ನೇ ಹಿಡಿದು ಬೈಯುವುದು ಸರಿ ಅನಿಸಲಿಲ್ಲ. ನಿಮ್ಮ ಯಾವುದೋ ವಾಟ್ಸಾಪ್ ಗುಂಪಿಗೂ ಇಂಥದ್ದೊಂದು ಜಾಹೀರಾತು ಬಂದೇ ಇರುತ್ತದೆ.

ವ್ಯವಸ್ಥೆ ಚೆನ್ನಾಗಿತ್ತು. ಕುರ್ಚಿ ಆರಾಮ, ಎಸಿ ಸ್ವಲ್ಪ ಜಾಸ್ತಿ, ಮೈಕು ಸರಿ ಇತ್ತು. ಪುಸ್ತಕ ಪೂರ್ತಿ ಇಂಗ್ಲಿಷ್. ಜಾಹೀರಾತು ಮಾತ್ರ ಕನ್ನಡದಲ್ಲಿತ್ತು! ತರಬೇತಿ ಕೊಟ್ಟವರು ಮೂವತ್ತೈದರ ಹುರುಪಿನ ಮನುಷ್ಯ, ಕೆಟ್ಟವರೇನಲ್ಲ, ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡು ಕರೆಯುತ್ತಿದ್ದರು. ಬೆಳಗಿನ ಮೊದಲ ಗಂಟೆ ಚಪ್ಪಾಳೆ ತಟ್ಟುವುದು, ಪಕ್ಕದವರ ಪರಿಚಯ, ಆಮೇಲೆ ಕಣ್ಣು ಮುಚ್ಚಿ ನಮ್ಮ ನಮ್ಮ ಸಾವನ್ನು ನಾವೇ ಕಲ್ಪಿಸಿಕೊಳ್ಳುವುದು, ಅಲ್ಲಿ ಯಾರು ಬಂದು ನಮ್ಮ ಬಗ್ಗೆ ಏನು ಮಾತಾಡಬೇಕು ಅಂತ ಬರೆಯುವುದು. ನಮ್ಮ ಟೇಬಲ್ಲಿನಲ್ಲಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ‘ನನಗೆ ಕಲ್ಪಿಸಿಕೊಳ್ಳೋಕೆ ಅಷ್ಟೇನೂ ಕಷ್ಟ ಇಲ್ಲ ಸಾರ್, ಹತ್ತಿರಾನೇ ಇದೀನಿ’ ಅಂದು ಪೆನ್ನು ಕೆಳಗಿಟ್ಟರು.

ಆಮೇಲೆ ಬಂತು ನಾಲ್ಕು ವೃತ್ತ. ನೀವು ನೋಡಿರುತ್ತೀರಿ. ಒಂದರ ಮೇಲೊಂದು ಬಿದ್ದಿರುವ ನಾಲ್ಕು ಬಣ್ಣದ ವೃತ್ತಗಳು: ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದದ್ದು, ದುಡ್ಡು ತರುವುದು. ನಾಲ್ಕೂ ಕೂಡುವ ನಡುವಿನ ಜಾಗದಲ್ಲಿ ‘ಇಕಿಗಾಯ್’ ಅಂತ ಬರೆದಿರುತ್ತದೆ, ಬದುಕೋಕೆ ಇರುವ ಕಾರಣ ಅನ್ನುವ ಅರ್ಥದ ಜಪಾನೀ ಪದ. ಇದು ಜಪಾನಿನವರ ಸಾವಿರಾರು ವರ್ಷದ ಗುಟ್ಟು, ಅಲ್ಲಿನ ಒಕಿನಾವಾ ದ್ವೀಪದ ಜನ ನೂರು ವರ್ಷ ಬದುಕುವುದೇ ಇದರಿಂದ ಅಂತ ಹೇಳಿದರು. ಎರಡೂವರೆ ಗಂಟೆ ಇದಕ್ಕೇ ಹೋಯಿತು.

ಅದೇ ಟೇಬಲ್ಲಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಇದ್ದರು. ಮಗಳು ದುಡ್ಡು ಕಟ್ಟಿ ಕಳಿಸಿದ್ದಳಂತೆ. ಅವರ ಅತ್ತೆಗೆ ಮರೆವಿನ ಕಾಯಿಲೆ, ಎಷ್ಟೋ ವರ್ಷದಿಂದ ಇವರೇ ನೋಡಿಕೊಳ್ಳುತ್ತಿದ್ದಾರೆ, ಅವತ್ತು ನಾದಿನಿಯನ್ನು ಮನೆಯಲ್ಲಿ ಕೂರಿಸಿ ಬಂದಿದ್ದರು. ಅವರ ‘ದುಡ್ಡು ತರುವುದು’ ವೃತ್ತ ಖಾಲಿ. ‘ಇಷ್ಟವಾದದ್ದು’ ಕೂಡ ಖಾಲಿ. ‘ಇಷ್ಟ ಅಂತ ಹೇಗೆ ಬರೀಲಿ, ಮಾಡ್ಬೇಕು, ಮಾಡ್ತೀನಿ’ ಅಂದರು. ತರಬೇತುದಾರರು ಬಂದು ಬಗ್ಗಿ ನೋಡಿದರು. ‘ಅಮ್ಮ, ಏನಾದ್ರೂ ಹವ್ಯಾಸ? ಉಪ್ಪಿನಕಾಯಿ ಹಾಕ್ತೀರಾ? ಅದನ್ನ ಆನ್‌ಲೈನ್‌ನಲ್ಲಿ ಮಾರಬಹುದು ಅಲ್ವಾ?’ ಅವರು ತಲೆ ಆಡಿಸಿ ವೃತ್ತದೊಳಗೆ ‘ಉಪ್ಪಿನಕಾಯಿ’ ಅಂತ ಬರೆದರು. ನನಗೆ ನಿಜಕ್ಕೂ ಸಿಟ್ಟು ಬಂತು.

ಯಾಕೆಂದರೆ ಆ ಚಿತ್ರ ಜಪಾನಿನದ್ದೇ ಅಲ್ಲ. ಅದನ್ನು ‘ಉದ್ದೇಶ’ ಅನ್ನುವ ಹೆಸರಿನಲ್ಲಿ ಮೊದಲು ಬರೆದವರು ಸ್ಪೇನಿನ ಆಂದ್ರೇಸ್ ಸುಸುನಾಗಾ ಅನ್ನುವ ಜ್ಯೋತಿಷಿ. ಒಕಿನಾವಾದ ದೀರ್ಘಾಯುಷಿಗಳ ಬಗ್ಗೆ ಅಮೆರಿಕದ ಲೇಖಕ ಡ್ಯಾನ್ ಬ್ಯೂಟ್ನರ್ ಮಾಡಿದ ಒಂದು ಭಾಷಣದಲ್ಲಿ ಇಕಿಗಾಯ್ ಅನ್ನುವ ಮಾತು ಬರುತ್ತದೆ. ಬ್ರಿಟನ್ನಿನ ಮಾರ್ಕ್ ವಿನ್ ಎರಡನ್ನೂ ಸೇರಿಸಿ, ಚಿತ್ರದ ನಡುವಿನ ಪದ ಬದಲಾಯಿಸಿ ಇಂಟರ್ನೆಟ್ಟಿಗೆ ಹಾಕಿದ್ದು 2014ರಲ್ಲಿ. ಸಾವಿರಾರು ವರ್ಷದ ಗುಟ್ಟಿಗೆ ವಾಟ್ಸಾಪ್‌ಗಿಂತ ಕಮ್ಮಿ ವಯಸ್ಸು.

ಜಪಾನಿನಲ್ಲೇ ಇಕಿಗಾಯ್ ಬಗ್ಗೆ ಗಂಭೀರವಾಗಿ ಬರೆದವರು ಮಿಯೆಕೊ ಕಾಮಿಯಾ. ಮನೋವೈದ್ಯೆ. ಅವರ ಪುಸ್ತಕ ಬಂದದ್ದು 1966ರಲ್ಲಿ. ಅವರು ಕೆಲಸ ಮಾಡಿದ್ದು ನಾಗಾಶಿಮಾ ಅನ್ನುವ ದ್ವೀಪದಲ್ಲಿ, ಕುಷ್ಠ ರೋಗಿಗಳನ್ನು ಊರಿನಿಂದ ದೂರ ತಂದು ಇಟ್ಟಿದ್ದ ಆಸ್ಪತ್ರೆಯಲ್ಲಿ. (ರೋಗಿಗಳನ್ನು ಹೀಗೆ ದೂರ ಇಡುವ ಕಾನೂನನ್ನು ಜಪಾನ್ ಕೈಬಿಟ್ಟದ್ದು 1996ರಲ್ಲಿ, ಅಷ್ಟು ತಡವಾಗಿ.) ಹೊರಗಿನವರಿಗೆ ಇರುವಂಥ ನೌಕರಿ, ಮನೆ, ಸಂಸಾರ ಇವರಿಗೆ ಇಲ್ಲ. ಅಂಥ ಕಡೆ ರೋಗ ಅಷ್ಟೇನೂ ಜೋರಿಲ್ಲದ ಕೆಲವರು ಬದುಕೇ ಬೇಡ ಅಂತ ಕೂತಿದ್ದರೆ, ರೋಗದಿಂದ ತುಂಬಾ ಜರ್ಜರಿತರಾದ ಕೆಲವರು ಲವಲವಿಕೆಯಿಂದ ಇದ್ದರು. ಇದು ಹೇಗೆ ಅನ್ನುವುದು ಕಾಮಿಯಾ ಅವರ ಪ್ರಶ್ನೆ. ಆ ದ್ವೀಪದಲ್ಲಿ ನಿಂತು ‘ದುಡ್ಡು ತರುವುದು ಏನು, ಬರೀರಿ’ ಅಂತ ಕೇಳೋಕಾಗುತ್ತಾ? ಸಂಬಳ ತರುವ ಕೆಲಸ ಇಲ್ಲದವರ ಬದುಕಿನಲ್ಲೂ ಏನಿರುತ್ತದೆ ಅಂತ ಹುಡುಕಿದ ವಿಷಯವನ್ನೇ ತಂದು, ಸಂಬಳ ಇಲ್ಲದಿದ್ದರೆ ಲೆಕ್ಕಕ್ಕೇ ಬರಲ್ಲ ಅನ್ನುವ ಹಾಗೆ ಮಾಡಿಬಿಟ್ಟಿದ್ದಾರೆ.

ಇನ್ನೊಂದು ಸ್ಲೈಡಿನಲ್ಲಿ ವಿಕ್ಟರ್ ಫ್ರಾಂಕ್ಲ್ ಫೋಟೋ ಬಂತು. ವಿಯೆನ್ನಾದ ವೈದ್ಯ, ನಾಜಿಗಳ ನಾಲ್ಕು ಶಿಬಿರಗಳನ್ನು ಕಂಡು ಬಂದವರು. ಅಪ್ಪ, ಅಮ್ಮ, ಅಣ್ಣ, ಹೆಂಡತಿ ನಾಲ್ವರೂ ಅಂಥ ಶಿಬಿರಗಳಲ್ಲೇ ಸತ್ತರು. ಫೋಟೋದ ಕೆಳಗೆ ‘ಉದ್ದೇಶ ಇದ್ದವನು ಗೆಲ್ಲುತ್ತಾನೆ’ ಅನ್ನುವ ಅರ್ಥದ ಸಾಲು. ಫ್ರಾಂಕ್ಲ್ ಹಾಗೆ ಹೇಳಲೇ ಇಲ್ಲ ಸ್ವಾಮಿ. ನಮ್ಮಲ್ಲಿ ಒಳ್ಳೆಯವರು ವಾಪಸ್ ಬರಲಿಲ್ಲ ಅಂತ ಬರೆದವರು ಅವರು. ಅವರ ಮುಖ್ಯ ಮಾತು ಬೇರೆ: ನಿನಗೇನು ಅರ್ಥ ಅಂತ ನಾವು ಬದುಕನ್ನು ಕೇಳುತ್ತೇವೆ, ಆದರೆ ಕೇಳುತ್ತಿರುವುದು ಬದುಕು, ಉತ್ತರ ಕೊಡಬೇಕಾದವರು ನಾವು. ಮಾಡುವ ಕೆಲಸದಲ್ಲಿ ಕೊಡಬಹುದು, ಒಬ್ಬರನ್ನು ಪ್ರೀತಿಸುವುದರಲ್ಲಿ ಕೊಡಬಹುದು, ತಪ್ಪಿಸೋಕೇ ಆಗದ ಕಷ್ಟವನ್ನು ಎದುರಿಸುವ ರೀತಿಯಲ್ಲೂ ಕೊಡಬಹುದು. ತಪ್ಪಿಸಬಹುದಾದ ಕಷ್ಟವನ್ನು ಸುಮ್ನೆ ಹೊರುವುದರಲ್ಲಿ ದೊಡ್ಡತನ ಏನೂ ಇಲ್ಲ ಅಂತಲೂ ಹೇಳುತ್ತಾರೆ. ಈ ಮೂರರಲ್ಲಿ ಎರಡು ಆ ಅಮ್ಮನ ಮನೆಯಲ್ಲಿ ದಿನಾ ನಡೆಯುತ್ತಿದೆ. ಸ್ಲೈಡು ಮುಂದೆ ಹೋಯಿತು.

ಊಟ: ಪೂರಿ ಸಾಗು, ಬಿಸಿಬೇಳೆಬಾತ್, ಮೊಸರನ್ನ, ಜಾಮೂನು. ಬಿಸಿಬೇಳೆಬಾತಿಗೆ ಖಾರಾಬೂಂದಿ ಕೇಳಿದಷ್ಟು. ಇದರಲ್ಲಿ ದೂರಿಲ್ಲ.

ಊಟದ ನಂತರ, ಎಲ್ಲರಿಗೂ ನಿದ್ದೆ ಬರುವ ಹೊತ್ತಿಗೆ, ಕಾರ್ಯಕ್ರಮಪಟ್ಟಿಯಲ್ಲಿ ‘ಭಾರತೀಯ ಚಿಂತನೆ, 40 ನಿಮಿಷ’ ಅಂತ ಇತ್ತು. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕೆ. ಬಂದವರು ಒಬ್ಬ ನಿವೃತ್ತ ತತ್ವಶಾಸ್ತ್ರದ ಮೇಷ್ಟ್ರು. ಸ್ಲೈಡು ಇಲ್ಲ, ದನಿ ಸಣ್ಣದು. ಬೋರ್ಡಿನ ಮೇಲೆ ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ಬರೆದು ‘ಇದರಲ್ಲಿ ಯಾವುದು ನಿಮ್ಮ ಗುರಿ?’ ಅಂದರು. ಸುಮಾರು ಜನ ‘ಮೋಕ್ಷ’ ಅಂದರು. ‘ನಿಜ ಹೇಳಿ, ಬೆಳಿಗ್ಗೆ ಎದ್ದಾಗ ಮೋಕ್ಷ ನೆನಪಾಗುತ್ತಾ, ನೀರು ಬಂತಾ ಅನ್ನೋದು ನೆನಪಾಗುತ್ತಾ?’ ಹಾಲ್ ಪೂರ್ತಿ ಎಚ್ಚರ ಆಯಿತು.

ಶುರು ಮಾಡಿದ್ದು ಪರಲೋಕ, ಮೋಕ್ಷ ಯಾವುದನ್ನೂ ಒಪ್ಪದ ಚಾರ್ವಾಕರಿಂದ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂದವರು ಅಂತ ನಮಗೆಲ್ಲ ಗೊತ್ತು. ಆದರೆ ಚಾರ್ವಾಕರದೇ ಗ್ರಂಥ ನಮ್ಮ ಕೈಗೆ ಬಂದಿಲ್ಲ, ಅವರ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಅವರನ್ನು ಒಪ್ಪದವರು ಬರೆದಿಟ್ಟದ್ದು. 14ನೇ ಶತಮಾನದಲ್ಲಿ ಮಾಧವಾಚಾರ್ಯರು (ಉಡುಪಿಯ ಮಧ್ವರಲ್ಲ, ಇವರು ಬೇರೆ) ದರ್ಶನಗಳನ್ನೆಲ್ಲ ಒಂದೊಂದಾಗಿ ವಿವರಿಸುವಾಗ ಮೊದಲು ಹೇಳುವುದು ಚಾರ್ವಾಕರನ್ನೇ, ಆಮೇಲೆ ಒಬ್ಬೊಬ್ಬರಿಂದ ಹಿಂದಿನವರನ್ನು ಖಂಡಿಸುತ್ತಾ ಹೋಗುತ್ತಾರೆ. ‘ಓರಗಿತ್ತಿ ಹೇಳಿದ್ದನ್ನ ಕೇಳ್ಕೊಂಡು ಸೊಸೆ ಹೇಗೆ ಅಂತ ತೀರ್ಮಾನ ಮಾಡಿದ ಹಾಗೆ’ ಅಂದರು ಮೇಷ್ಟ್ರು. ಆ ಎದುರಾಳಿಗಳ ಬರಹದಲ್ಲೇ ಚಾರ್ವಾಕರ ಒಂದು ಒಳ್ಳೆ ವಾದ ಉಳಿದುಕೊಂಡಿದೆ: ಸುಖದ ಜೊತೆ ದುಃಖ ಬೆರೆತಿದೆ ಅಂತ ಸುಖವನ್ನೇ ಬಿಡೋದಾ? ಮುಳ್ಳಿದೆ ಅಂತ ಮೀನು ಬಿಡ್ತಾರಾ, ಹೊಟ್ಟು ಇದೆ ಅಂತ ಭತ್ತ ಬಿಸಾಡ್ತಾರಾ?

ಬುದ್ಧನ ಬಾಣದ ಕಥೆಯನ್ನು ಚುಟುಕಾಗಿ ಹೇಳಿದರು. ಜಗತ್ತಿಗೆ ಕೊನೆ ಇದೆಯಾ ಇಲ್ವಾ ಅಂತ ಮಾಲುಂಕ್ಯಪುತ್ತ ಅನ್ನುವ ಭಿಕ್ಷು ಪಟ್ಟು ಹಿಡಿದು ಕೇಳುತ್ತಾನೆ. ವಿಷದ ಬಾಣ ನೆಟ್ಟವನು ಹೊಡೆದವನ ಜಾತಿ ಯಾವುದು, ಬಿಲ್ಲು ಯಾವುದರದ್ದು ಅಂತ ವಿಚಾರಿಸುತ್ತಾ ಕೂತರೆ ಸಾಯುತ್ತಾನೆ, ಮೊದಲು ಬಾಣ ಕೀಳಬೇಕು ಅಂತ ಬುದ್ಧನ ಉತ್ತರ. ಜೈನರ ವಿಷಯಕ್ಕೆ ಬಂದಾಗ ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಕರೆದುಕೊಂಡು ಹೋದರು. ಆಹಾರ ಬಿಟ್ಟು ದೇಹ ತೊರೆದವರ ನೆನಪಿನ ಶಾಸನಗಳು ಅಲ್ಲಿ ಸಾಲುಸಾಲಾಗಿವೆ. ಒಬ್ಬರಿಗೆ ಅದು ಬದುಕಿನ ಅತಿ ದೊಡ್ಡ ಸಾಧನೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟಿಗೆ ಅದು ಆತ್ಮಹತ್ಯೆ ಅನಿಸಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಬದುಕು ಯಾತಕ್ಕೆ ಅನ್ನುವ ಜಗಳ ಹಳೇ ತಾಳೆಗರಿಯಲ್ಲೇ ಮುಗಿದುಹೋಗಿಲ್ಲ ನೋಡಿ.

ಆಮೇಲೆ ನನಗೆ ತುಂಬಾ ಹಿಡಿಸಿದ ಮಾತು. ‘ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ. ಅರ್ಧ ದಿನದ ದಾರಿಯೂ ಇಲ್ಲ. ಅಷ್ಟರಲ್ಲಿ ಮೋಕ್ಷವೇ ಬದಲಾಗಿರುತ್ತೆ.’ ಮೇಲೆ, ಶಂಕರರ ಶೃಂಗೇರಿಯಲ್ಲಿ, ನೀನೇ ಬ್ರಹ್ಮ, ಹೊಸದಾಗಿ ಗಳಿಸುವುದು ಏನೂ ಇಲ್ಲ, ಗೊತ್ತಾದರೆ ಸಾಕು. ಕೆಳಗೆ, ಮಧ್ವರ ಉಡುಪಿಯಲ್ಲಿ, ನೀನು ಎಂದಿಗೂ ಅವನಲ್ಲ. ಮುಕ್ತಿ ಸಿಕ್ಕ ಮೇಲೂ ಜೀವ ಬೇರೆ, ಹರಿ ಬೇರೆ, ಜೀವ ಜೀವಗಳ ಆನಂದದಲ್ಲೂ ಹೆಚ್ಚು ಕಮ್ಮಿ ಇದೆ.

ಶರಣರಿಗೆ ಉಳಿದದ್ದು ಹತ್ತೇ ನಿಮಿಷ. ಅದರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಗಂಡ ಹೆಂಡತಿ. ಒಂದು ದಿನ ಗಂಡ ಜಾಸ್ತಿ ಅಕ್ಕಿ ತಂದ. ಇದು ನಮಗೆ ಸಲ್ಲದ್ದು, ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು ಲಕ್ಕಮ್ಮ. ಆಫೀಸುಗಳ ಗೋಡೆ ಮೇಲೆ ‘ಕಾಯಕವೇ ಕೈಲಾಸ’ ಅಂತ ದೊಡ್ಡದಾಗಿ ಬರೆಸುತ್ತಾರೆ. ಜಾಸ್ತಿಯಾದದ್ದನ್ನು ವಾಪಸ್ ಸುರಿದು ಬಾ ಅನ್ನುವ ಲಕ್ಕಮ್ಮನನ್ನು ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ. ಬೆಳಗಿನ ನಾಲ್ಕು ವೃತ್ತದಲ್ಲಂತೂ ಅವಳಿಗೆ ಜಾಗವೇ ಇಲ್ಲ.

ಇಷ್ಟೆಲ್ಲ ಹೇಳಿ ಮೇಷ್ಟ್ರು ಕೊನೆಗೆ ‘ಆದರೆ ದಾರಿ ಬೇರೆಯಾದರೂ ಸೇರೋ ಊರು ಒಂದೇ’ ಅಂದರು. ಜೋರು ಚಪ್ಪಾಳೆ. ಇದೊಂದು ನನಗೆ ಒಪ್ಪಿಗೆಯಾಗಲಿಲ್ಲ. ಹದಿನೈದು ನಿಮಿಷದ ಹಿಂದೆ ಅವರೇ ಘಾಟಿ ಇಳಿಸಿ ಬೇರೆ ಊರು ತೋರಿಸಿದ್ದರು. ಚಾರ್ವಾಕನಿಗೆ ಸೇರುವ ಊರೇ ಇಲ್ಲ. ಮಧ್ವರಿಗೆ ಈ ಮಾತು ಹೇಳಿದ್ದರೆ ಬಿಡುತ್ತಿದ್ದರಾ? ಎಲ್ಲರೂ ಹೇಳಿದ್ದು ಒಂದೇ ಅಂದುಬಿಟ್ಟರೆ ಕೇಳೋಕೆ ಹಿತ, ಆದರೆ ಅವರಲ್ಲಿ ಒಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡ ಹಾಗಾಗಲ್ಲ.

ಪ್ರಶ್ನೆ ಇದೆಯಾ ಅಂದಾಗ ಆ ಅಮ್ಮ ಎದ್ದರು. ‘ಸಾರ್, ನಮ್ಮತ್ತೆಗೆ ಈಗ ನಾನು ಯಾರು ಅಂತ ಗೊತ್ತಿಲ್ಲ, ತಾನು ಯಾರು ಅಂತಾನೂ ಗೊತ್ತಿಲ್ಲ. ಅವರ ಜೀವನಕ್ಕೆ ಈಗ ಉದ್ದೇಶ ಏನು?’

ಮೇಷ್ಟ್ರು ಮೈಕು ಕೆಳಗಿಟ್ಟು ಅವರ ಹತ್ತಿರ ಬಂದರು. ‘ಅಮ್ಮ, ಶೃಂಗೇರಿಯವರನ್ನ ಕೇಳಿದ್ರೆ, ಮರೆತಿರೋದು ಮನಸ್ಸು, ಒಳಗಿರೋನಿಗೆ ಏನೂ ಆಗಿಲ್ಲ ಅಂತಾರೆ. ಬುದ್ಧ, ಅವರಿಗೆ ಈಗ ಎಲ್ಲಿ ನೋವು, ಮೊದಲು ಅದನ್ನ ನೋಡು ಅಂತಿದ್ದ. ಚಾರ್ವಾಕ ಆಗಿದ್ರೆ, ಅವರಿಗೆ ಏನು ತಿನ್ನೋಕೆ ಇಷ್ಟ ಅಂತ ಕೇಳ್ತಿದ್ದ.’

‘ಹಾಲುಬಾಯಿ ಇಷ್ಟ’ ಅಂದರು ಅಮ್ಮ. ‘ಅದನ್ನ ಮಾತ್ರ ಮರೆತಿಲ್ಲ.’

‘ಮಾಡಿಕೊಡಿ ಮತ್ತೆ. ನನ್ನನ್ನ ಕೇಳಿದ್ರೆ, ಯಾವುದು ಸರಿ ಅಂತ ನನಗೂ ಗೊತ್ತಿಲ್ಲಮ್ಮ.’ ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ‘ಥ್ಯಾಂಕ್ಯೂ ಸಾರ್, ಟೈಮ್ ಆಯ್ತು’ ಅಂತ ವೇದಿಕೆಯಿಂದ ಕರೆ ಬಂತು, ಹಿಂದೆಯೇ ಜೋರು ಸಂಗೀತ. ಇಡೀ ದಿನದಲ್ಲಿ ಯಾರಾದರೂ ನಿಜವಾದ ಪ್ರಶ್ನೆ ಕೇಳಿದ್ದು ಅದೊಂದೇ, ಅದಕ್ಕೆ ಸಿಕ್ಕಿದ್ದು ಎರಡು ನಿಮಿಷ.

ಸಂಜೆಯದ್ದು ಬೇಗ ಹೇಳಿಬಿಡುತ್ತೇನೆ. ‘ನನ್ನ ಜೀವನದ ಉದ್ದೇಶ...’ ಅಂತ ಶುರುವಾಗುವ ಒಂದು ಸಾಲು ಬರೆದು ಎದ್ದು ನಿಂತು ಓದಬೇಕು, ಎಲ್ಲರೂ ಚಪ್ಪಾಳೆ ಹೊಡೆಯಬೇಕು. ಆಮೇಲೆ ಮೂರು ತಿಂಗಳ ಮುಂದಿನ ಹಂತದ ಮಾರಾಟ: 28,000 ರೂಪಾಯಿ, ಇವತ್ತೇ ಕಟ್ಟಿದರೆ 18,000. ಬಾಗಿಲ ಹತ್ತಿರ ಕಾರ್ಡ್ ಮೆಷಿನ್ ಹಿಡಿದು ಇಬ್ಬರು ನಿಂತಿದ್ದರು. ಸುಮಾರು ಜನ ಕಟ್ಟಿದರು ಕೂಡ.

ಹಾಗಾದರೆ ಹೋಗಬಹುದಾ? ನಿಮಗೆ ಇಪ್ಪತ್ತೈದು, ಯಾವ ಕೆಲಸಕ್ಕೆ ಸೇರಲಿ ಅನ್ನುವುದೇ ತಲೆನೋವು ಅಂದರೆ ನಾಲ್ಕು ವೃತ್ತ ಅಷ್ಟಿಷ್ಟು ಉಪಯೋಗಕ್ಕೆ ಬರುತ್ತದೆ, ಕೆಲಸ ಆರಿಸಿಕೊಳ್ಳೋಕೆ ಅದು ಕೆಟ್ಟ ಉಪಾಯವೇನಲ್ಲ. ಆದರೆ ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿವೃತ್ತರಾದವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು, ಯಾರನ್ನಾದರೂ ಕಳೆದುಕೊಂಡು ಬದುಕು ಯಾಕೆ ಅನಿಸುತ್ತಿರುವವರು ದಯವಿಟ್ಟು ಹೋಗಬೇಡಿ. ಮೊದಲ ಎರಡು ಥರದವರಿಗೆ ಅಲ್ಲಿ ತುಂಬುವ ಜಾಗಕ್ಕಿಂತ ಖಾಲಿ ಜಾಗವೇ ಜಾಸ್ತಿ ಕಾಣುತ್ತದೆ. ಕೊನೆಯವರು ಒಬ್ಬ ಒಳ್ಳೆ ಡಾಕ್ಟರ ಹತ್ತಿರವೋ ಆಪ್ತಸಮಾಲೋಚಕರ ಹತ್ತಿರವೋ ಹೋಗುವುದು ಒಳ್ಳೆಯದು. ಅಮ್ಮಂದಿರಿಗೆ ಉಡುಗೊರೆ ಅಂತ ಟಿಕೆಟ್ ತೆಗೆಯುವ ಮಕ್ಕಳಿಗೂ ಒಂದು ಮಾತು: ಆ ಭಾನುವಾರ ನೀವೇ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡು ಅಮ್ಮನನ್ನು ಅವರಿಗೆ ಬೇಕಾದ ಕಡೆ ಕಳಿಸಿ.

ಶಿಬಿರಕ್ಕೆ ಐದಕ್ಕೆ ಎರಡು ಸ್ಟಾರ್. ಮೇಷ್ಟ್ರಿಗೆ ನಾಲ್ಕೂವರೆ, ಅರ್ಧ ಕಳೆದದ್ದು ಆ ಊರಿನ ಮಾತಿಗೆ. ಮುಂದಿನ ತಿಂಗಳ ಕಾರ್ಯಕ್ರಮಪಟ್ಟಿ ಗುಂಪಿನಲ್ಲಿ ಬಂದಿದೆ. ಶುಲ್ಕ 3,900. ನಾಲ್ಕು ವೃತ್ತಕ್ಕೆ ಮೂರು ಗಂಟೆ ಕೊಟ್ಟಿದ್ದಾರೆ, ಮೇಷ್ಟ್ರ 40 ನಿಮಿಷ 20 ಆಗಿದೆ.