ಹೋಂಡಾ ಸಿಟಿಗೆ ಲೋವರಿಂಗ್ ಸ್ಪ್ರಿಂಗ್: ಬೆಳಗಾವಿಯ ರಸ್ತೆಗಳಲ್ಲಿ ಮೂರು ವರ್ಷಗಳ ಬಳಕೆಯ ನಂತರ

ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರನ್ನು ಕೆಳಗಿಳಿಸುವ ಗಿಡ್ಡ ಸ್ಪ್ರಿಂಗು, ಹಾಕಿಸುವ ವಿಚಾರ ಬಂದಾಗಲೆಲ್ಲ ಜನ ಮೊದಲು ಕೇಳುವುದು ಗ್ರೌಂಡ್ ಕ್ಲಿಯರೆನ್ಸ್ (ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ) ಎಷ್ಟು ಉಳಿಯುತ್ತದೆ ಎಂದು. ಮೂರು ವರ್ಷಕ್ಕೂ ಮಿಕ್ಕಿ ಇಂಥ ಸ್ಪ್ರಿಂಗುಗಳ ಮೇಲೆ ದಿನವೂ ಓಡಾಡಿದ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆಯದು: ತಗ್ಗಿಗೆ ಬಿದ್ದ ಚಕ್ರ ಮೇಲಕ್ಕೆ ಸರಿಯಲು ಇನ್ನೆಷ್ಟು ಜಾಗವಿದೆ? ಕಾರನ್ನು 30 ಮಿ.ಮೀ. ಇಳಿಸಿದರೆ ನೆಲದ ಅಂತರದಲ್ಲಿ ಮಾತ್ರವಲ್ಲ, ಶಾಕ್ ಅಬ್ಸಾರ್ಬರಿನ ರಾಡು ಒಳಕ್ಕೆ ಸರಿಯುವ ದಾರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು ನಿಂತಲ್ಲೇ ಖರ್ಚಾಗಿ ಹೋಗಿರುತ್ತದೆ. ಉಳಿದ ಜಾಗದೊಳಗೆ ಚಕ್ರವನ್ನು ಹಿಡಿದು ನಿಲ್ಲಿಸಬೇಕಾದದ್ದು ಸ್ಪ್ರಿಂಗಿನ ಬಿಗಿತ, ಶಾಕಿನ ತಾಕತ್ತು ಮತ್ತು ಬಂಪ್ ಸ್ಟಾಪ್ ಎಂಬ ಸಣ್ಣ ರಬ್ಬರ್ ತುಂಡು. ಈ ಮೂರನ್ನೂ ಒಟ್ಟಿಗೆ ವಿಚಾರ ಮಾಡಿದವರಿಗೆ ಈ ಮಾರ್ಪಾಡು ಒಳ್ಳೆಯ ಫಲ ಕೊಡುತ್ತದೆ. ಬರೀ ಸ್ಪ್ರಿಂಗ್ ಬದಲಿಸಿದವರಿಗೆ ವರ್ಷ ತುಂಬುವುದರೊಳಗೆ ಬೇಸರ ತರುತ್ತದೆ.

ನನ್ನದು 2014ರಲ್ಲಿ ಭಾರತಕ್ಕೆ ಬಂದ ನಾಲ್ಕನೆಯ ತಲೆಮಾರಿನ ಹೋಂಡಾ ಸಿಟಿ, 1.5 ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಒಂದೇ ಕಂಬದಲ್ಲಿರುವ ಜೋಡಣೆ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಕೂಡಿಸುವ ತೊಲೆ). ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ., ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,600 ಮಿ.ಮೀ. ಟಿಳಕವಾಡಿಯ ಮನೆಯಿಂದ ಹೊರಟು ಊರು ದಾಟಿ, ಕಾಕತಿ, ಹೊನಗಾ, ವಂಟಮುರಿ ಘಾಟು, ಹತ್ತರಗಿ ಟೋಲು ಹಾದು ಸಂಕೇಶ್ವರಕ್ಕೆ ಹೋಗಿ ಬರುವುದು ನನ್ನ ನಿತ್ಯದ ದಾರಿ. ಅಂದರೆ ಮುಕ್ಕಾಲು ಪಾಲು ರಾಷ್ಟ್ರೀಯ ಹೆದ್ದಾರಿ 48, ಉಳಿದದ್ದು ಬೆಳಗಾವಿಯ ಪೇಟೆ, ರೈಲ್ವೆ ಗೇಟು ಮತ್ತು ಓಣಿಯ ಹಂಪುಗಳು. ಆಗಾಗ ಬೈಲಹೊಂಗಲ ಕಡೆಯ ನಮ್ಮೂರಿಗೂ, ಜಾಂಬೋಟಿ ಮತ್ತು ಕಣಕುಂಬಿಯ ಮೇಲಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೂ ಕುಟುಂಬ ಸಮೇತ ಹೋಗುವುದುಂಟು. ಈ ವಿಮರ್ಶೆಯನ್ನು ಓದುವವರು ತಮ್ಮ ದಾರಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು; ಹೆದ್ದಾರಿಯೇ ಇಲ್ಲದ ಓಡಾಟದವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ನಾನು ಆಯ್ದುಕೊಂಡದ್ದು 30 ಮಿ.ಮೀ. ಇಳಿಸುವ, ಪ್ರೋಗ್ರೆಸಿವ್ ಬಗೆಯ ಸ್ಪ್ರಿಂಗುಗಳನ್ನು. ಇವುಗಳಲ್ಲಿ ಒಂದು ತುದಿಯ ಸುತ್ತುಗಳು ಒತ್ತೊತ್ತಾಗಿಯೂ ಉಳಿದವು ದೂರದೂರವಾಗಿಯೂ ಇರುತ್ತವೆ. ಭಾರ ಬಿದ್ದಂತೆ ಒತ್ತಾದ ಸುತ್ತುಗಳು ಒಂದಕ್ಕೊಂದು ತಾಗಿ ಕೆಲಸ ನಿಲ್ಲಿಸುತ್ತವೆ. ದುಡಿಯುವ ಸುತ್ತುಗಳ ಸಂಖ್ಯೆ ಕಡಿಮೆಯಾದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ. ಬಿಗಿತ ಸುತ್ತುಗಳ ಸಂಖ್ಯೆಯನ್ನು ಮಾತ್ರವಲ್ಲ, ತಂತಿಯ ದಪ್ಪವನ್ನೂ ಅವಲಂಬಿಸಿದೆ, ಅದೂ ದಪ್ಪದ ನಾಲ್ಕನೆಯ ಘಾತದಲ್ಲಿ. 12 ಮಿ.ಮೀ. ತಂತಿಯ ಬದಲು 12.6 ಮಿ.ಮೀ. ತಂತಿಯಲ್ಲಿ ಅದೇ ಅಳತೆಯ ಸ್ಪ್ರಿಂಗು ಸುತ್ತಿದರೆ ಬಿಗಿತ ಶೇ. 21ಕ್ಕೂ ಹೆಚ್ಚು ಏರುತ್ತದೆ. ಎರಡು ಸ್ಪ್ರಿಂಗುಗಳನ್ನು ಅಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ಇವೆರಡೂ ಒಂದೇ ಎನ್ನುವ ಅಂಗಡಿಯವರ ಮಾತನ್ನು ಆದ್ದರಿಂದ ನಂಬಬಾರದು. ಎಷ್ಟು ಇಳಿಯುತ್ತದೆ ಎಂಬುದರ ಜೊತೆಗೆ ಎಷ್ಟು ಬಿಗಿಯಾಗಿದೆ ಎಂಬುದನ್ನೂ ಬರಹದಲ್ಲಿ ಕೇಳಿ ಪಡೆಯಬೇಕು. ಹೆಚ್ಚು ಇಳಿಸಿ ಬಿಗಿತ ಹೆಚ್ಚಿಸದ ಸ್ಪ್ರಿಂಗು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಜಾಗವನ್ನೂ ಕಸಿಯುತ್ತದೆ, ಉಳಿದ ಜಾಗವನ್ನು ಕಾಯುವುದೂ ಇಲ್ಲ.

ಶಾಕ್ ಅಬ್ಸಾರ್ಬರುಗಳ ವಿಷಯಕ್ಕೆ ಬಂದರೆ, ಹಳೆಯವು ಇನ್ನೂ ಸೋರಿರಲಿಲ್ಲವಾದರೂ ನಾಲ್ಕನ್ನೂ ಅದೇ ದಿನ ಹೊಸದಾಗಿ ಹಾಕಿಸಿದೆ. ಬಿಗಿ ಸ್ಪ್ರಿಂಗು ಒತ್ತಿದಾಗ ಹೆಚ್ಚು ಶಕ್ತಿ ಕೂಡಿಟ್ಟುಕೊಂಡು, ಬಿಟ್ಟಾಗ ಅಷ್ಟೇ ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ತಡೆಯುವುದು ಶಾಕಿನ ಕೆಲಸ. ಬಿಗಿತ ಶೇ. 21 ಹೆಚ್ಚಾದರೆ, ಅದೇ ಶಾಕಿನ ಹಿಡಿತ ಸ್ಪ್ರಿಂಗಿನ ಎದುರು ಸುಮಾರು ಶೇ. 10ರಷ್ಟು ಸಡಿಲವಾದಂತೆ. ಹೊಸ ಶಾಕ್ ಇಷ್ಟು ಕೊರತೆಯನ್ನು ತಾಳಿಕೊಳ್ಳಬಲ್ಲದು. ಮೊದಲೇ ಅರ್ಧ ದಣಿದ ಶಾಕಿಗೆ ಅದು ಸಾಧ್ಯವಿಲ್ಲ. ಹಂಪು ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಪ್ಪಳಿಸಿದರೆ ಸ್ಪ್ರಿಂಗು ಕೆಟ್ಟದ್ದೆಂದು ಬಯ್ಯುವವರು ಬಹಳ ಮಂದಿ. ಆದರೆ ಸೋತದ್ದು ಸಾಮಾನ್ಯವಾಗಿ ಶಾಕ್.

ಜೋಡಿಸುವ ಕೆಲಸ ಆಟೋನಗರದ ಗ್ಯಾರೇಜೊಂದರಲ್ಲಿ ಆಯಿತು. ಮುಂದಿನ ಸ್ಟ್ರಟ್ಟಿನ ಸ್ಪ್ರಿಂಗು ಬಿಚ್ಚುವುದು ಅಪಾಯದ ಕೆಲಸ; ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಸರಿಯಾಗಿ ಕೂಡದೆ ಜಾರಿದರೆ ಸ್ಪ್ರಿಂಗು ಎಗರಿ ಮನುಷ್ಯನ ಜೀವ ತೆಗೆಯಬಲ್ಲದು. ಹಗ್ಗ ಕಟ್ಟಿ ಬಿಚ್ಚುತ್ತೇವೆ ಎನ್ನುವ ಕಡೆ ಯಾರೂ ಈ ಕೆಲಸ ಮಾಡಿಸಬಾರದು. ನನ್ನ ಮಿಸ್ತ್ರಿಯವರು ಹೇಳಿದ ಒಂದು ಮಾತನ್ನು ಇಲ್ಲಿ ದಾಖಲಿಸಲೇಬೇಕು: “ಲೋವರ್ ಆರ್ಮ್ ಬೋಲ್ಟ್ ಗಾಡಿ ನೆಲಕ್ಕ ಇಳದ ಮ್ಯಾಲ ಟೈಟ್ ಮಾಡಬೇಕ್ರಿ ಸರ, ಜ್ಯಾಕ್ ಮ್ಯಾಲ ಮಾಡಿದ್ರ ಬುಷ್ ತಿರುಚಿ ಹರೀತಾವ್ರಿ.” ಇದು ನೂರಕ್ಕೆ ನೂರು ನಿಜ. ಲೋವರ್ ಆರ್ಮ್ ಎಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಜೋಡಿಸುವ ತೋಳು, ಬುಷ್ ಎಂದರೆ ಅದರ ಕೀಲಿನಲ್ಲಿರುವ ರಬ್ಬರ್ ತುಂಡು. ಬುಷ್ಷಿನ ರಬ್ಬರು ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಚಕ್ರ ಜೋತುಬಿದ್ದಾಗ ಬೋಲ್ಟು ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಹೊಸ ಸ್ಪ್ರಿಂಗು ಹಾಕಿಸಿದ ಕೆಲವೇ ತಿಂಗಳಲ್ಲಿ ಬುಷ್ ಹೋಯಿತೆಂದು ಕೇಳಿಬರುವ ದೂರುಗಳಲ್ಲಿ ಬಹುಪಾಲಿನ ಮೂಲ ಇದೇ ಇರಬೇಕೆಂದು ನನ್ನ ಅನಿಸಿಕೆ. ಸ್ಟ್ರಟ್ ಹೇಗೂ ಬಿಚ್ಚಿದ್ದರಿಂದ ಮೇಲಿನ ಮೌಂಟು ಮತ್ತು ಬೇರಿಂಗುಗಳನ್ನೂ ಬದಲಿಸಿದ್ದಾಯಿತು, ಬಂಪ್ ಸ್ಟಾಪುಗಳನ್ನು ಇಳಿಸಿದ ಎತ್ತರಕ್ಕೆ ತಕ್ಕ ಗಿಡ್ಡ ಅಳತೆಯವಕ್ಕೆ ಬದಲಿಸಿದ್ದಾಯಿತು. ಹೀಗೆ ಸ್ಪ್ರಿಂಗುಗಳ ಬೆಲೆಗಿಂತ ಅವುಗಳ ಸುತ್ತಲಿನ ಖರ್ಚೇ ದೊಡ್ಡದಾಯಿತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಮೊದಲ ಕೆಲವು ವಾರಗಳಲ್ಲಿ ಸ್ಪ್ರಿಂಗುಗಳು ಕೆಲವು ಮಿಲಿಮೀಟರು ಕುಳಿತುಕೊಳ್ಳುತ್ತವೆ. ವೀಲ್ ಅಲೈನ್‌ಮೆಂಟನ್ನು ಜೋಡಿಸಿದ ದಿನ ಒಮ್ಮೆ, ಹೀಗೆ ಕುಳಿತ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಮುಂದಿನ ಚಕ್ರಗಳ ತಲೆ ಸ್ವಲ್ಪ ಒಳವಾಲುವುದು ಸಹಜ, ಅದರಿಂದ ದೊಡ್ಡ ತೊಂದರೆಯಿಲ್ಲ. ಟೈರಿನ ಒಳ ಅಂಚನ್ನು ನಿಜವಾಗಿ ತಿನ್ನುವುದು ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದಾಗ. ಎರಡನೆಯ ಅಲೈನ್‌ಮೆಂಟಿನ ನಂತರ ನನ್ನ ಟೈರುಗಳು ಸಮನಾಗಿಯೇ ಸವೆದಿವೆ.

ಹೆದ್ದಾರಿಯಲ್ಲಿ ಈ ಕಾರು ಈಗ ನನಗೆ ತುಂಬ ಪ್ರಿಯವಾದದ್ದು. ವಂಟಮುರಿ ಘಾಟಿನ ತಿರುವುಗಳಲ್ಲಿ ಮೊದಲು ಕಾರಿನ ಮೈ ಒಂದು ಕಡೆಗೆ ವಾಲಿ, ಆಮೇಲೆ ಚಕ್ರಗಳು ಹಿಡಿತಕ್ಕೆ ಬರುತ್ತಿದ್ದವು. ಈಗ ಸ್ಟೇರಿಂಗು ತಿರುಗಿಸಿದ ಕೂಡಲೇ ಮೂತಿ ಅದೇ ದಿಕ್ಕಿಗೆ ಹೊರಳುತ್ತದೆ. ಲೇನು ಬದಲಿಸುವಾಗ ಹಿಂಬದಿ ತಡವಾಗಿ ಹಿಂಬಾಲಿಸಿದಂತೆ ಅನಿಸುವುದಿಲ್ಲ. ಜೋರು ಬ್ರೇಕ್ ಹಿಡಿದಾಗ ಮುಂಭಾಗ ಮುಗ್ಗರಿಸುವುದು ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಮಳೆಗಾಲದಲ್ಲಿ ಬಯಲ ಗಾಳಿ ಅಡ್ಡ ಬೀಸುವಾಗಲೂ ಕಾರು ತನ್ನ ಗೆರೆ ಬಿಡುವುದಿಲ್ಲ. ಆದರೆ ಇದರ ಶ್ರೇಯಸ್ಸು ಕಾರು ಕೆಳಗಿಳಿದದ್ದಕ್ಕೆ ಸಲ್ಲುವುದಕ್ಕಿಂತ ಬಿಗಿತಕ್ಕೆ ಸಲ್ಲಬೇಕು. ಸೆಡಾನಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರಿಗೂ ತುಸು ಮೇಲೆ ಇರುತ್ತದೆ. ಅದರಲ್ಲಿ 30 ಮಿ.ಮೀ. ಎಂದರೆ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ತಿರುವಿನಲ್ಲಿ ಒಳ ಚಕ್ರಗಳಿಂದ ಹೊರ ಚಕ್ರಗಳಿಗೆ ದಾಟುವ ಭಾರ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ, ಹೆಚ್ಚಲ್ಲ. ಆದ್ದರಿಂದ 30ಕ್ಕೆ ಇಷ್ಟು ಚೆನ್ನಾಗಿದ್ದರೆ 50ಕ್ಕೆ ಇನ್ನೆಷ್ಟು ಚೆನ್ನ ಎಂಬ ಆಸೆಗೆ ಆಧಾರವಿಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ ಕಾರನ್ನು ತೀರ ಇಳಿಸಿದರೆ ಲೋವರ್ ಆರ್ಮಿನ ಕೋನ ಕೆಟ್ಟು, ವಾಲುವಿಕೆಯ ಕೇಂದ್ರ (ತಿರುವಿನಲ್ಲಿ ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗೆ ಹೋಗುತ್ತದೆ. ಆಗ ಸ್ಪ್ರಿಂಗು ಗಳಿಸಿಕೊಟ್ಟದ್ದನ್ನು ಈ ಕೋನವೇ ಕಳೆಯತೊಡಗುತ್ತದೆ. ಪೆಟ್ರೋಲು ಖರ್ಚಿನಲ್ಲಿ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

ಈಗ ಹಂಪುಗಳ ವಿಷಯ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರತಂದ ಐ.ಆರ್.ಸಿ. 99 ಮಾರ್ಗಸೂಚಿಯ ಪ್ರಕಾರ ಹಂಪು 3.7 ಮೀಟರು ಅಗಲ, 10 ಸೆಂ.ಮೀ. ಎತ್ತರ, 17 ಮೀಟರು ತ್ರಿಜ್ಯದ ದುಂಡನೆಯ ಬೆನ್ನು ಹೊಂದಿರಬೇಕಿತ್ತು (2018ರಲ್ಲಿ ಈ ಮಾರ್ಗಸೂಚಿ ಪರಿಷ್ಕರಣೆಗೊಂಡಿತು). ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವುದಕ್ಕೆಂದು ಅದನ್ನು ರೂಪಿಸಲಾಗಿತ್ತು. ಇಂಥ ಹಂಪಿನ ಮೇಲೆ 2.6 ಮೀಟರು ವೀಲ್‌ಬೇಸಿನ ಕಾರಿನ ನಾಲ್ಕೂ ಚಕ್ರಗಳು ಒಮ್ಮೆಗೇ ನಿಲ್ಲುತ್ತವೆ, ಆಗ ಕಾರಿನ ಹೊಟ್ಟೆಯ ಕಡೆಗೆ ಉಬ್ಬುವುದು ಸುಮಾರು 5 ಸೆಂ.ಮೀ. ಮಾತ್ರ. ನನ್ನ ಕಾರಿಗೆ ಉಳಿದಿರುವ ಅಂತರ ಹದಿಮೂರೂವರೆ ಸೆಂ.ಮೀ. ಆ ಮಾರ್ಗಸೂಚಿಯಂತೆ ಕಟ್ಟಿದ ಹಂಪಿನಲ್ಲಿ ಈ ಕಾರು ಐದು ಜನ ಕುಳಿತರೂ ಉಜ್ಜುವುದಿಲ್ಲ. ಉಜ್ಜುವುದು ಓಣಿಗಳಲ್ಲಿ ಮತ್ತು ಹಳ್ಳಿಯ ರಸ್ತೆಗಳಲ್ಲಿ ಕಾಣಸಿಗುವ, ಒಂದು ಮೀಟರೂ ಅಗಲವಿಲ್ಲದ, ಗೇಣುದ್ದ ಎದ್ದು ನಿಂತ ದಿಬ್ಬಗಳಲ್ಲಿ. ಅವು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಪೂರ್ತಿ ಹಿಡಿಸುತ್ತವೆ, ಆದ್ದರಿಂದ ಅವುಗಳ ಎತ್ತರವೆಲ್ಲ ನೇರವಾಗಿ ಹೊಟ್ಟೆಗೇ ಬರುತ್ತದೆ. ಹದಿನೈದು ಸೆಂ.ಮೀ. ದಿಬ್ಬವನ್ನು ನಿಧಾನ ದಾಟಿದರೂ, ಅಡ್ಡಡ್ಡ ಏರಿಸಿದರೂ ಭಾರ ತುಂಬಿದ ಕಾರು ತಾಗುವ ಸಂಭವ ಇದ್ದೇ ಇದೆ. ಸ್ಪ್ರಿಂಗು ಕೊಳ್ಳುವ ಮೊದಲು ತಾವು ದಿನವೂ ದಾಟುವ ಅತಿ ಎತ್ತರದ ದಿಬ್ಬವನ್ನು ಟೇಪು ಹಿಡಿದು ಅಳೆದು ನೋಡುವುದು ಯಾವ ತಜ್ಞರ ಸಲಹೆಗಿಂತಲೂ ಉಪಯುಕ್ತ. ನಾನು ನಮ್ಮ ಓಣಿಯಲ್ಲಿ ಹಾಗೆ ಅಳೆದ ಮೇಲೆಯೇ 40ರ ಬದಲು 30ನ್ನು ಆಯ್ದದ್ದು.

ಹಿಂದಿನ ಸೀಟಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಓಡಿಸುವವರಿಗೆ ದೊರೆಯುವ ಸುಖದ ಬೆಲೆ ತೆರುವವರು ಹಿಂದೆ ಕುಳಿತವರು. ಹಿಂದಿನ ಚಕ್ರಗಳ ಬಹುತೇಕ ಮೇಲೆಯೇ ಅವರ ಆಸನವಿದ್ದು, ಚೂಪಾದ ತಗ್ಗಿನ ಪೆಟ್ಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಬೆನ್ನುನೋವಿರುವ ನಮ್ಮ ಅವ್ವ ಬೈಲಹೊಂಗಲದ ದಾರಿಯಲ್ಲಿ ಈಗ ಮುಂದಿನ ಸೀಟನ್ನೇ ಬಯಸುತ್ತಾಳೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಓಡಾಡಿ ಅಂಚು ಕಿತ್ತುಹೋದ ರಸ್ತೆಗಳಲ್ಲಿ ನಾಲ್ವರು ಕುಳಿತು ಡಿಕ್ಕಿ ತುಂಬಿದಾಗ, ಹಿಂಬದಿ ಬಂಪ್ ಸ್ಟಾಪಿಗೆ ತಾಗುವುದು ಕಿವಿಗೂ ಕೇಳುತ್ತದೆ. ಒಳ್ಳೆಯ ಪಾಲಿಯುರಿಥೇನಿನ ಬಂಪ್ ಸ್ಟಾಪು ಇಲ್ಲಿ ಉಪಕಾರಿ: ಅದು ತಟ್ಟನೆ ತಡೆಯುವ ಬದಲು ಹಂತಹಂತವಾಗಿ ಒತ್ತಿಕೊಳ್ಳುತ್ತದೆ. ಆದರೂ ಟೈರುಗಳಲ್ಲಿ ಭಾರಕ್ಕೆ ತಕ್ಕ ಗಾಳಿ ತುಂಬಿಸಿ, ವೇಗ ತಗ್ಗಿಸುವುದಲ್ಲದೆ ಬೇರೆ ದಾರಿಯಿಲ್ಲ. ಮನೆಯಲ್ಲಿ ವಯಸ್ಸಾದವರು ನಿತ್ಯ ಹಿಂದೆ ಕೂರುವವರಿದ್ದರೆ ನಾನು ಈ ಮಾರ್ಪಾಡನ್ನು ಶಿಫಾರಸು ಮಾಡುವುದಿಲ್ಲ.

ಮಳೆಗಾಲ ಇದಕ್ಕಿಂತ ಕಠಿಣ ಪರೀಕ್ಷೆ. ನೀರು ತುಂಬಿದ ತಗ್ಗಿನ ಆಳ ಮೇಲಿನಿಂದ ತಿಳಿಯುವುದಿಲ್ಲ, ಚಕ್ರಕ್ಕೆ ಸರಿಯಲು ಜಾಗವೂ ಕಡಿಮೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಚೋರ್ಲಾ ದಾರಿಯನ್ನು ನಾನು ಈ ಕಾರಿನಲ್ಲಿ ಬಳಸುವುದಿಲ್ಲ. ಮೂರು ಮಳೆಗಾಲಗಳ ನಂತರ ಸ್ಪ್ರಿಂಗುಗಳ ಬಣ್ಣ ಕೆಳಸುತ್ತಿನ ಬಳಿ ಅಲ್ಲಲ್ಲಿ ಎದ್ದಿದೆ, ಉಕ್ಕಿಗೆ ತುಕ್ಕು ಇಳಿದಿಲ್ಲ. ಸ್ಪ್ರಿಂಗಿನ ತಳದ ಬಟ್ಟಲಿನಲ್ಲಿ ಕೆಸರು ನಿಂತರೆ ಬಣ್ಣ ಮೊದಲು ಹೋಗುವುದು ಅಲ್ಲೇ; ಅಲ್ಲಿ ಹುಟ್ಟಿದ ಸಣ್ಣ ತುಕ್ಕಿನ ಗುಳಿಯೇ ಮುಂದೆ ಸ್ಪ್ರಿಂಗು ಮುರಿಯುವ ಜಾಗವಾಗಬಹುದು. ಆದ್ದರಿಂದ ಮಳೆ ನಿಂತ ಮೇಲೆ ಕಾರನ್ನು ಎತ್ತಿಸಿ ಆ ಬಟ್ಟಲುಗಳನ್ನು ತೊಳೆಸುತ್ತೇನೆ. ಮುಂದಿನ ಸ್ಟೆಬಿಲೈಸರ್ ಲಿಂಕುಗಳು (ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿಗಳು) ಒಮ್ಮೆ ಬದಲಾಗಿವೆ. ಶಾಕುಗಳು ಸೋರದೆ ಒಣಗಿಯೇ ಇವೆ, ಎತ್ತರ ಮೊದಲ ತಿಂಗಳ ನಂತರ ಇಳಿದಿಲ್ಲ.

ಇದೇ ಕೆಲಸವನ್ನು ಕಡಿಮೆ ದುಡ್ಡಿನಲ್ಲಿ ಮಾಡಿಕೊಡುತ್ತೇವೆಂದು ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸುವವರು ಎಲ್ಲ ಊರುಗಳಲ್ಲೂ ಇದ್ದಾರೆ. ದಯವಿಟ್ಟು ಅದಕ್ಕೆ ಯಾರೂ ಒಪ್ಪಬಾರದು. ಗ್ಯಾಸ್ ಕಟರಿನ ಕಾವಿಗೆ ಸ್ಪ್ರಿಂಗ್ ಉಕ್ಕಿನ ಹದ ಆ ಭಾಗದಲ್ಲಿ ಕೆಡುತ್ತದೆ. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗಿಡ್ಡವಾದ ಸ್ಪ್ರಿಂಗು, ಚಕ್ರ ಪೂರ್ತಿ ಜೋತುಬಿದ್ದ ಕ್ಷಣದಲ್ಲಿ ಸಡಿಲಗೊಂಡು ಜಾಗ ತಪ್ಪಬಹುದು, ಅದೂ ಕಾರು ವೇಗದಲ್ಲಿರುವಾಗ. ತಯಾರಾಗಿ ಬರುವ ಲೋವರಿಂಗ್ ಸ್ಪ್ರಿಂಗಿನಲ್ಲಿ ತುದಿಯ ಸುತ್ತನ್ನು ಬಟ್ಟಲಿಗೆ ಹೊಂದುವಂತೆ ರೂಪಿಸಿರುತ್ತಾರೆ. ಅದಕ್ಕೆ ಕೊಡುವ ಹೆಚ್ಚಿನ ಹಣ ಇದಕ್ಕಾಗಿಯೇ.

ಕಾನೂನಿನ ಕಡೆಯೂ ಗಮನವಿರಲಿ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ, ಮತ್ತು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಬಂದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಹಾಕಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆಯಬೇಕು. ಅಪಘಾತವಾದ ಮೇಲೆ ಸರ್ವೇಯರ್ ಬಂದು ಕೇಳುವಾಗ ಬಾಯಿಮಾತಿನ ಒಪ್ಪಿಗೆ ಉಪಯೋಗಕ್ಕೆ ಬರುವುದಿಲ್ಲ. ಬಿಚ್ಚಿದ ಮೂಲ ಸ್ಪ್ರಿಂಗುಗಳನ್ನೂ ಬಂಪ್ ಸ್ಟಾಪುಗಳನ್ನೂ ಗ್ಯಾರೇಜಿನಲ್ಲಿ ಬಿಟ್ಟುಬರದೆ ಮನೆಗೆ ತಂದು, ಎಣ್ಣೆ ಸವರಿ, ಎಡ ಬಲ ಗುರುತು ಹಾಕಿ ಇಡಬೇಕು. ಕಾರು ಮಾರುವಾಗ ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದು ಕಂಪನಿಯ ಎತ್ತರವನ್ನೇ.