ಕ್ಲಚ್ ಪ್ಲೇಟ್ ಹೋಗಿದೆ ಎಂಬ ಮಾತು ನಂಬಿ 8,600 ರೂಪಾಯಿ ಕಳೆದುಕೊಂಡೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಲ್ಲಿ ಹಳೆಯ ಸಣ್ಣ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಕ್ಲಚ್ ಬಿಗಿಯಾಗಿದೆ, ಒತ್ತಿದರೆ ಸದ್ದು ಬರುತ್ತದೆ ಎಂದು ನೀವು ಹೇಳಿದಾಗ, ಬಾನೆಟ್ ಕೂಡ ತೆರೆಯದೆ "ಪ್ಲೇಟ್ ಹೋಗಿದೆ" ಎಂದು, ಅಂದರೆ ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ತಟ್ಟೆ ಸವೆದಿದೆ ಎನ್ನುವವರ ಕೈಗೆ ಕೀಲಿ ಕೊಡಬೇಡಿ. ನಾನು ಕೊಟ್ಟೆ. ಪೆಡಲಿನ ಎಳೆತವನ್ನು ಕ್ಲಚ್ಚಿಗೆ ಮುಟ್ಟಿಸುವ 450 ರೂಪಾಯಿಯ ಕೇಬಲ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ 8,600 ರೂಪಾಯಿ ತೆತ್ತೆ. ಹಣ ಪಡೆದವನು ಹೇಳಿದ ಕೆಲಸವನ್ನೂ ಮಾಡಿರಲಿಲ್ಲ. ಮೂರು ವಾರವಾಯಿತು, ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನದು 2014ರ ಆಲ್ಟೋ 800, ಓಡಿದ್ದು 61,000 ಕಿಲೋಮೀಟರ್. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಅಷ್ಟೇ ಅದರ ಓಡಾಟ. ಬೇಸಿಗೆ ರಜೆಯ ಎರಡು ತಿಂಗಳು ಹೆಚ್ಚಿನ ದಿನ ಶೆಡ್ಡಿನಲ್ಲೇ ಇತ್ತು. ಮಳೆ ಹಿಡಿದ ಮೇಲೆ ಕ್ಲಚ್ ಪೆಡಲ್ ದಿನದಿಂದ ದಿನಕ್ಕೆ ಬಿಗಿಯಾಗತೊಡಗಿತು. ಒತ್ತುವಾಗ ಹಳೆಯ ಬಾಗಿಲು ತೆರೆದ ಹಾಗೆ ಕಿರ್ರೆನ್ನುತ್ತಿತ್ತು. ಬಿಟ್ಟರೆ ಅರ್ಧದಲ್ಲಿ ಅಂಟಿಕೊಂಡು, ಆಮೇಲೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ಒಂದನೇ ಗೇರ್ ಮತ್ತು ರಿವರ್ಸ್ ಹಾಕುವಾಗ ಕರಕರ ಸದ್ದು. ಆದರೆ ಏರುರಸ್ತೆಯಲ್ಲಿ ಕಾರು ಎಂದಿನಂತೆಯೇ ಎಳೆಯುತ್ತಿತ್ತು, ಸುಟ್ಟ ವಾಸನೆಯೂ ಇರಲಿಲ್ಲ. ಪ್ಲೇಟ್ ಸವೆದು ಜಾರುತ್ತಿದ್ದರೆ ಏರಿನಲ್ಲಿ ಎಳೆತ ಕುಗ್ಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಈ ಎರಡು ಸಂಗತಿಗಳಿಗೆ ಎಷ್ಟು ಬೆಲೆಯಿದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಅಮ್ಮನನ್ನು ಕಣ್ಣಿನ ತಪಾಸಣೆಗೆ ಮಂಗಳೂರಿಗೆ ಕರೆದೊಯ್ಯಬೇಕಿತ್ತು, ಅವಸರ ಇತ್ತು. ಪೇಟೆಯ ಹೊರಗಿನ ಒಂದು ವರ್ಕ್‌ಶಾಪಿಗೆ ಹೋದೆ. ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಡುವವಳಿದ್ದೇನೆ. ಅಲ್ಲಿಗೇ ಹೋದದ್ದೇಕೆ ಎಂದರೆ, ಅವನು ನನ್ನೊಡನೆ ತುಳುವಿನಲ್ಲಿ, ಕನ್ನಡದಲ್ಲಿ ಬಾಯ್ತುಂಬ ಮಾತನಾಡಿದ. "ಟೀಚರೇ, ನಮ್ಮ ಅಣ್ಣನ ಮಗಳು ನಿಮ್ಮ ಕ್ಲಾಸಿನಲ್ಲೇ ಕಲಿತದ್ದು" ಎಂದ. ಆ ಒಂದು ಮಾತಿಗೆ ನಾನು ಕರಗಿದೆ. ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಾರನ್ನು ರಸ್ತೆಯಲ್ಲಿ ಒಂದು ಫರ್ಲಾಂಗ್ ಓಡಿಸಿ ತಂದ. ಬಾನೆಟ್ ತೆರೆಯಲಿಲ್ಲ. ಪೆಡಲಿನ ಬಳಿ ಬಗ್ಗಿ ನೋಡಲಿಲ್ಲ. ಇಳಿಯುತ್ತಲೇ ತೀರ್ಪು ಹೇಳಿದ: "ಪ್ಲೇಟ್ ಪೂರ್ತಿ ಹೋಗಿದೆ. ಹೀಗೆಯೇ ಓಡಿಸಿದರೆ ದಾರಿಯಲ್ಲಿ ನಿಲ್ಲುತ್ತದೆ, ಅಮ್ಮನನ್ನು ಬೇರೆ ಕೂರಿಸಿಕೊಂಡು ಹೋಗುವವರು." ಕ್ಲಚ್ ಸೆಟ್ 5,200, ಕೂಲಿ 2,500, ಗೇರ್ ಆಯಿಲ್ 900. ಒಟ್ಟು 8,600. ಅಮ್ಮನ ಹೆಸರು ಎತ್ತಿದ ಮೇಲೆ ಚೌಕಾಸಿ ಮಾಡುವ ಮನಸ್ಸೂ ಬರಲಿಲ್ಲ.

ಬೆಳಿಗ್ಗೆ 9.15ಕ್ಕೆ ಕಾರು ಬಿಟ್ಟು ಬಸ್ಸಿನಲ್ಲಿ ಶಾಲೆಗೆ ಹೋದೆ. 9.52ಕ್ಕೆ ಮೊಬೈಲಿಗೆ ಒಂದು ಚಿತ್ರ ಬಂತು. ಸವೆದು ಕರಕಲಾದ ಕ್ಲಚ್ ಪ್ಲೇಟ್, ರಿವೆಟ್‌ಗಳೆಲ್ಲ ಹೊರಗೆ ಕಾಣುತ್ತಿದ್ದವು. "ನೋಡಿ ಟೀಚರೇ, ಸರಿಯಾದ ಸಮಯಕ್ಕೆ ತಂದಿರಿ" ಎಂಬ ಒಕ್ಕಣೆ. ನಾನು ಕೈಮುಗಿಯುವ ಗುರುತು ಕಳುಹಿಸಿದೆ. ಅದನ್ನು ನೆನೆದರೆ ನಾಚಿಕೆಯಾಗುತ್ತದೆ, ಕೈಮುಗಿದೆ ಅವನಿಗೆ! ಆಲ್ಟೋದಲ್ಲಿ ಕ್ಲಚ್ ಪ್ಲೇಟ್ ಹೊರತೆಗೆಯಬೇಕಾದರೆ ಗೇರ್ ಆಯಿಲ್ ಬಸಿಯಬೇಕು, ಚಕ್ರ ತಿರುಗಿಸುವ ಎರಡೂ ಬದಿಯ ಡ್ರೈವ್ ಶಾಫ್ಟ್ ಎಳೆಯಬೇಕು, ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸ. ಮೂವತ್ತೇಳು ನಿಮಿಷದಲ್ಲಿ ಪ್ಲೇಟ್ ಹೊರಗೆ ಬಂದು ಚಿತ್ರಕ್ಕೆ ಹೇಗೆ ನಿಂತಿತು? ಆ ದಿನ ನನಗೆ ಈ ಲೆಕ್ಕ ಹೊಳೆಯಲಿಲ್ಲ.

ಸಂಜೆ ಪೆಡಲ್ ನಿಜವಾಗಿಯೂ ಹಗುರವಾಗಿತ್ತು. "ಬೆಣ್ಣೆಯ ಹಾಗಿದೆಯಲ್ಲ?" ಎಂದ. ಬಿಲ್ ಕೇಳಿದೆ. "ಬಿಲ್ ಮಾಡಿದರೆ ತೆರಿಗೆ ಸೇರಿಸಬೇಕಾಗುತ್ತದೆ, ನಿಮಗೇ ನಷ್ಟ" ಎಂದು ತುಂಡು ಕಾಗದದಲ್ಲಿ ಮೊತ್ತ ಗೀಚಿ ಕೊಟ್ಟ. ಹಳೆಯ ಸೆಟ್ ಕೇಳಿದ್ದಕ್ಕೆ, "ಗುಜರಿಯವನು ಮಧ್ಯಾಹ್ನವೇ ಒಯ್ದ" ಎಂದ. ಮೊಬೈಲಿನಲ್ಲೇ ಹಣ ಕಳುಹಿಸಿದೆ. ನನ್ನ ಅದೃಷ್ಟಕ್ಕೆ ಅದರ ದಾಖಲೆಯಾದರೂ ಉಳಿಯಿತು.

ಒಂಬತ್ತನೇ ದಿನ ಅಮ್ಮನೊಡನೆ ಮಂಗಳೂರಿಗೆ ಹೊರಟೆ. ತಲಪಾಡಿ ಟೋಲ್‌ನ ಸಾಲಿನಲ್ಲಿ ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಹಿಂದೆ ಲಾರಿಗಳ ಹಾರ್ನ್, ಜಡಿಮಳೆ, ಪಕ್ಕದಲ್ಲಿ ಅಮ್ಮ "ಏನಾಯಿತು, ಏನಾಯಿತು" ಎನ್ನುತ್ತಿದ್ದಾರೆ. ಪಾದವನ್ನು ಪೆಡಲಿನ ಅಡಿಗೆ ತೂರಿಸಿ ಎತ್ತಿ ಎತ್ತಿ ಗೇರ್ ಹಾಕಿದೆ. ಹೋಗಿ ಬಂದದ್ದು ಹಾಗೆಯೇ.

ದಾರಿಯಿಂದಲೇ ಅವನಿಗೆ ಕರೆ ಮಾಡಿದೆ. ಉತ್ತರಗಳನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಮೊದಲು, "ಹೊಸ ಪ್ಲೇಟ್ ಅಲ್ಲವೇ, ಕೂತುಕೊಳ್ಳಲು ಸಾವಿರ ಕಿಲೋಮೀಟರ್ ಬೇಕು." ಪ್ಲೇಟ್ ಹೊಸದಾದರೆ ಪೆಡಲ್ ಏಕೆ ಅಂಟುತ್ತದೆ ಎಂದು ಕೇಳಿದೆ. "ನೀವು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀರಿ ಟೀಚರೇ, ಹೆಂಗಸರ ಕೈಯಲ್ಲಿ ಕ್ಲಚ್ ಬೇಗ ಹೋಗುತ್ತದೆ." ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ! ಧ್ವನಿ ಏರಿಸಿದ ಮೇಲೆ, "ನಿಮ್ಮ ಯಜಮಾನರಲ್ಲಿ ಮಾತನಾಡುತ್ತೇನೆ, ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ." ಹಣ ಪಡೆಯುವಾಗ ಯಜಮಾನರು ಬೇಕಾಗಿರಲಿಲ್ಲ.

ಮರುದಿನ ಮುಳ್ಳೇರಿಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದೆ. ತಗಡಿನ ಶೆಡ್, ಸಹಾಯಕ್ಕೆ ಒಬ್ಬ ಹುಡುಗ. ಅವರು ಮೊದಲು ಸುಮ್ಮನೆ ಕಿವಿಗೊಟ್ಟರು. ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ನನ್ನಿಂದ ಪೆಡಲ್ ಒತ್ತಿಸಿದರು, ಬಿಡಿಸಿದರು. ಒತ್ತಿದಾಗ ಗೇರ್ ಬಾಕ್ಸ್ ಕಡೆಯಿಂದ ಉಜ್ಜಿದಂತೆ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಸಂಶಯ, ಬಿಟ್ಟಾಗ ಇದ್ದ ಸದ್ದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಸಂಶಯ ಎಂದು ವಿವರಿಸಿದರು. ನನ್ನ ಕಾರಿನ ಕಿರ್ರೆನ್ನುವ ಸದ್ದು ಎಂಜಿನ್ ಆರಿಸಿದಾಗಲೂ ಬರುತ್ತಿತ್ತು. ಆಮೇಲೆ ಬಾನೆಟ್ ತೆರೆದು, ಗೇರ್ ಬಾಕ್ಸ್ ಮೇಲಿನ ಲಿವರ್‌ನಿಂದ ಕೇಬಲ್ ತುದಿ ಕಳಚಿ, "ಈಗ ಒತ್ತಿ" ಎಂದರು. ಪೆಡಲ್ ಆಗಲೂ ಬಿಗಿ, ಆಗಲೂ ಕಿರ್ರ್! ಕೇಬಲ್ ಕಳಚಿದ ಮೇಲೆ ಪೆಡಲ್ ಹಗುರವಾಗಿದ್ದರೆ ದೋಷ ಲಿವರ್‌ನಿಂದ ಆಚೆ, ಅಂದರೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಬೇರಿಂಗ್ ಕಡೆ ಎಂದಾಗುತ್ತಿತ್ತಂತೆ. ಬಿಗಿಯಾಗಿಯೇ ಇದ್ದುದರಿಂದ ದೋಷ ಕೇಬಲಿನಲ್ಲಿ ಅಥವಾ ಪೆಡಲಿನಲ್ಲಿ. ಪೆಡಲಿನ ಬುಡಕ್ಕೆ ಎಣ್ಣೆ ಬಿಟ್ಟು ನೋಡಿದರು, ಬದಲಾಗಲಿಲ್ಲ. ಕೇಬಲ್ ಹೊರಗೆ ಎಳೆದಾಗ ಒಳಗಿನ ತಂತಿ ಕೆಂಪಗೆ ತುಕ್ಕು ಹಿಡಿದು, ನಾಲ್ಕೈದು ಎಳೆ ಕಡಿದು ಮುಳ್ಳಿನಂತೆ ನಿಂತಿದ್ದವು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ನಮ್ಮ ಮಳೆಯಲ್ಲಿ, ಹೊರ ಕವಚ ಬಿರಿದ ಕೇಬಲ್ ಇನ್ನೇನಾಗುತ್ತದೆ? ಇಷ್ಟು ತಿಳಿಯಲು ಹಿಡಿದದ್ದು ಕಾಲು ಗಂಟೆ.

ಹಳೆಯ ಕೇಬಲಿನ ಬಾಯಲ್ಲಿ ಹೊಸ ಎಣ್ಣೆಯ ಪಸೆ ಇತ್ತು. ಅದನ್ನು ತೋರಿಸಿ, "ಇತ್ತೀಚೆಗೆ ಯಾರೋ ಎಣ್ಣೆ ಬಿಟ್ಟಿದ್ದಾರೆ" ಎಂದರು. ಒಂಬತ್ತು ದಿನದ ಬೆಣ್ಣೆ ಎಲ್ಲಿಂದ ಬಂದಿತ್ತು ಎಂದು ನನಗೆ ಆಗ ತಿಳಿಯಿತು.

ಹೊಸ ಕೇಬಲ್ ಹಾಕಿದ ಮೇಲೆ, ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಮೆಲ್ಲನೆ ಬಿಡಲು ಹೇಳಿದರು. ಎಂಜಿನ್ ಥಟ್ಟನೆ ನಿಂತಿತು. ಪ್ಲೇಟ್ ಜಾರುತ್ತಿದ್ದರೆ ನಿಲ್ಲದೆ ಓಡುತ್ತಲೇ ಇರುತ್ತಿತ್ತು. ಹೊಸ ಪ್ಲೇಟ್ ಹಾಕಿಸಿದ್ದೇನಲ್ಲ, ನಿಲ್ಲಲೇಬೇಕು ಎಂದೆ. ಅವರು ಏನೂ ಹೇಳದೆ ಕಾರಿನ ಕೆಳಗೆ ಟಾರ್ಚ್ ಹಿಡಿದು ನನ್ನನ್ನು ಕರೆದರು. ನಾನು ಸೀರೆ ಸುತ್ತಿಕೊಂಡು ನೆಲಕ್ಕೆ ಕೂತು ಬಗ್ಗಿ ನೋಡಿದೆ. ಗೇರ್ ಬಾಕ್ಸಿನ ಬೋಲ್ಟ್‌ಗಳ ಮೇಲೆ ವರ್ಷಗಳ ಕೆಸರು, ಎಣ್ಣೆ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಸ್ಪ್ಯಾನರ್ ತಾಗಿದ ಒಂದು ಗೀರೂ ಇರಲಿಲ್ಲ. ಆಯಿಲ್ ಬಸಿಯುವ ಬೋಲ್ಟ್ ಮೇಲೂ ಅದೇ ಕೆಂಪು ಮಣ್ಣು. "ಇದನ್ನು ಯಾರೂ ಇಳಿಸಿಲ್ಲ ಟೀಚರೇ" ಎಂದರು.

ಪ್ಲೇಟ್ ಬದಲಿಸಿರಲಿಲ್ಲ. ಆಯಿಲ್ ಬದಲಿಸಿರಲಿಲ್ಲ. ಗೇರ್ ಬಾಕ್ಸನ್ನು ಮುಟ್ಟಿಯೂ ಇರಲಿಲ್ಲ. ಅಲ್ಲೇ ಮೊಬೈಲ್ ತೆರೆದು ಆ ಚಿತ್ರದ ಸಮಯ ನೋಡಿದೆ, 9.52. ಕಣ್ಣಲ್ಲಿ ನೀರು ಬಂತು. ಹಣ ಹೋದುದಕ್ಕಿಂತ, ಅಮ್ಮನ ಹೆಸರು ಹೇಳಿ ಹೆದರಿಸಿ, ಆಮೇಲೆ ಅದೇ ಅಮ್ಮನನ್ನು ಆ ಕಾರಿನಲ್ಲಿ ಕಳುಹಿಸಿದನಲ್ಲ ಎಂದು.

ಹಿರಿಯರು ಕೇಬಲ್‌ಗೆ 450, ಕೂಲಿಗೆ 250 ಪಡೆದರು. ಹಳೆಯ ಕೇಬಲನ್ನು ಕೇಳದೆಯೇ ಚೀಲದಲ್ಲಿ ಹಾಕಿ ಕೊಟ್ಟರು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಗೇರ್ ಬಾಕ್ಸ್ ಇಳಿಸಲು ಒಪ್ಪುವ ಮುನ್ನ ಕೇಬಲ್ ಕಳಚಿ ತೋರಿಸಲು ಹೇಳಿ. ಇಳಿಸುವುದೇ ಆದರೆ ಇಳಿಸಿದ ಮೇಲೆ ಹೋಗಿ ಕಣ್ಣಾರೆ ನೋಡಿ, ಹಳೆಯ ಸೆಟ್ ಮನೆಗೆ ತನ್ನಿ. ಬಿಲ್ ಬಿಡಬೇಡಿ. ತೆರಿಗೆ ಉಳಿಯುತ್ತದೆ ಎನ್ನುವವನು ಉಳಿಸುವುದು ತನ್ನ ತಲೆಯನ್ನು. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ಹೇಳಬಹುದು. ನಾವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಬೋಲ್ಟ್‌ಗಳ ಚಿತ್ರಗಳನ್ನು ಅವನಿಗೆ ಕಳುಹಿಸಿ, ಹದಿನೈದು ದಿನದೊಳಗೆ ಹಣ ಹಿಂದಿರುಗಿಸಿ ಎಂದು ಬರೆದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಬಂತು: "ಊರಿನವರೇ ಹೀಗೆ ಮಾಡಿದರೆ ಹೇಗೆ ಟೀಚರೇ? ಎರಡು ಸಾವಿರ ಕೊಡುತ್ತೇನೆ, ಯಾರಲ್ಲಿಯೂ ಹೇಳಬೇಡಿ." ನಾನು ಒಪ್ಪಲಿಲ್ಲ. ಗಡುವು ಬರುವ ಸೋಮವಾರ ಮುಗಿಯುತ್ತದೆ. ಕೇಬಲ್, ತುಂಡು ಕಾಗದ, ಹಣ ಕಳುಹಿಸಿದ ದಾಖಲೆ, ಅವನ ಸಂದೇಶಗಳ ಪ್ರತಿ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟಿದ್ದೇನೆ. ಮಂಗಳವಾರ ಶಾಲೆಗೆ ರಜೆ ಹಾಕಿ ದೂರು ಕೊಡಲು ಕಾಸರಗೋಡಿಗೆ ಹೋಗುತ್ತೇನೆ. ಇದೇ ರೀತಿ ಮೋಸಹೋದವರು ಬದಿಯಡ್ಕ ಸುತ್ತಮುತ್ತ ಇದ್ದರೆ ಅದಕ್ಕೂ ಮೊದಲು ನನಗೆ ತಿಳಿಸಿ.