ಐಪಿಕೆ ಪ್ಯಾಕೇಜುಗಳಿಗೆ ಜಿಜಿಪ್, ಎಕ್ಸ್‌ಜೆಡ್, ಜೆಡ್‌ಸ್ಟ್ಯಾಂಡರ್ಡ್: ಒಂದೇ ಬೋರ್ಡಿನ ಮೇಲೆ ಮೂರನ್ನೂ ಓಡಿಸಿ ನೋಡಿದ್ದು

ಸಣ್ಣ ಸಾಧನಗಳಿಗೆ ಲಿನಕ್ಸ್ ಕಟ್ಟಿಕೊಡುವ ಸಲಕರಣೆಯಾದ ಯೋಕ್ಟೋ ಬಳಸಿದಾಗ, ಐಪಿಕೆ ಪ್ಯಾಕೇಜುಗಳನ್ನು, ಅಂದರೆ ಸಾಧನದಲ್ಲಿ ಹಾಕಿಸುವ ತಂತ್ರಾಂಶದ ಕಟ್ಟುಗಳನ್ನು, ಯಾವ ವಿಧಾನದಿಂದ ಕುಗ್ಗಿಸಬೇಕು ಎಂಬುದು ಕಾನ್ಫಿಗರೇಷನ್ನಿನ ಒಂದೇ ಸಾಲಿನಲ್ಲಿ ತೀರ್ಮಾನವಾಗುತ್ತದೆ. ಆ ಸಾಲನ್ನು ನಾನು ಹಲವು ವರ್ಷ ಮುಟ್ಟಿರಲಿಲ್ಲ. ಬಿಲ್ಡ್ ಸರ್ವರ್ ಎಕ್ಸ್‌ಜೆಡ್‌ನಿಂದ ಕುಗ್ಗಿಸುತ್ತಿತ್ತು, ಗೇಟ್‌ವೇಯಲ್ಲಿ ಪ್ಯಾಕೇಜುಗಳನ್ನು ಹಾಕಿಸುವ ಓಪಿಕೆಜಿ ಅದನ್ನು ಬಿಡಿಸಿಕೊಳ್ಳುತ್ತಿತ್ತು, ಕೆಲಸ ನಡೆಯುತ್ತಿತ್ತು. ಒಂದು ದೊಡ್ಡ ಪ್ಯಾಕೇಜ್ ಸಾಧನದಲ್ಲಿ ಅರ್ಧಕ್ಕೇ ನಿಂತು, ಅದರ ಕಾರಣ ಹುಡುಕುತ್ತಾ ಹೋದಾಗಲೇ ಈ ಸಾಲಿನ ಮೇಲೆ ಎಷ್ಟೆಲ್ಲ ನಿಂತಿದೆ ಎಂಬುದು ನನಗೆ ಕಂಡಿತು. ಜಿಜಿಪ್, ಎಕ್ಸ್‌ಜೆಡ್, ಜೆಡ್‌ಸ್ಟ್ಯಾಂಡರ್ಡ್ ಈ ಮೂರನ್ನೂ ಒಂದೇ ಬೋರ್ಡಿನ ಮೇಲೆ ಪರೀಕ್ಷಿಸಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗೇಟ್‌ವೇಗಳು ಹಳ್ಳಿಗಳ ಪಂಪ್‌ಮನೆಗಳಲ್ಲಿ ಕುಳಿತು ನೀರಿನ ಮಟ್ಟವನ್ನೂ ಮೋಟಾರಿನ ಸ್ಥಿತಿಯನ್ನೂ ಸಿಮ್ ಮೂಲಕ ಕಳುಹಿಸುತ್ತವೆ. ಒಂದೇ ಕೋರಿನ ಕಾರ್ಟೆಕ್ಸ್-ಎ7 ಪ್ರೊಸೆಸರ್, 128 ಎಂಬಿ ರ‍್ಯಾಮ್, 256 ಎಂಬಿ ನ್ಯಾಂಡ್ ಫ್ಲಾಶ್, ಅದರ ಮೇಲೆ ಯುಬಿಐಎಫ್‌ಎಸ್ ಕಡತ ವ್ಯವಸ್ಥೆ. ಪರೀಕ್ಷೆಗಾಗಿ ಮೂಲಸಂಕೇತದ ಒಂದೇ ಕಮಿಟ್‌ನಿಂದ ಇಡೀ ಫೀಡನ್ನು, ಅಂದರೆ ಸಾಧನಗಳು ಇಳಿಸಿಕೊಳ್ಳುವ ಪ್ಯಾಕೇಜುಗಳ ಸಂಗ್ರಹವನ್ನು, ಮೂರು ಸಲ ಕಟ್ಟಿದೆ. ಪ್ರತಿ ಸಲವೂ ಬೋರ್ಡಿನ ಫ್ಲಾಶ್ ಅನ್ನು ಅಳಿಸಿ ಅದೇ ಇಮೇಜನ್ನು ಹೊಸದಾಗಿ ಬರೆದು, ಸೀರಿಯಲ್ ಕನ್ಸೋಲ್ ತೆರೆದಿಟ್ಟುಕೊಂಡು, ಅದೇ ಪ್ಯಾಕೇಜುಗಳನ್ನು ಅದೇ ಕ್ರಮದಲ್ಲಿ ಹಾಕಿಸಿದೆ. ಡೆವಲಪರ್ ಮೇಜಿನ ಲ್ಯಾಪ್‌ಟಾಪಿನಲ್ಲಿ ಅಳೆದ ಸಂಖ್ಯೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಏಕೆಂದರೆ ಪ್ಯಾಕೇಜನ್ನು ಬಿಡಿಸಬೇಕಾದದ್ದು ಆ ಲ್ಯಾಪ್‌ಟಾಪ್ ಅಲ್ಲ.

ಮೂರರ ನಡುವಿನ ಮೂಲ ವ್ಯತ್ಯಾಸ ಅವು ಎಷ್ಟು ಹಿಂದಿನವರೆಗೆ ನೆನಪಿಟ್ಟುಕೊಳ್ಳುತ್ತವೆ ಎಂಬುದರಲ್ಲಿದೆ. 1992ರಲ್ಲಿ ಬಂದ ಜಿಜಿಪ್ ತಾನು ದಾಟಿ ಬಂದ 32 ಕೆಬಿಯಷ್ಟು ದತ್ತಾಂಶದಲ್ಲಿ ಮಾತ್ರ ಪುನರಾವರ್ತನೆಗಳನ್ನು ಹುಡುಕುತ್ತದೆ. ಹಂತ ಏರಿದಷ್ಟೂ ಹೆಚ್ಚು ಕುಗ್ಗಿಸುವ ಎಕ್ಸ್‌ಜೆಡ್ ತನ್ನ ಡಿಫಾಲ್ಟ್ ಆದ 6ನೇ ಹಂತದಲ್ಲಿ ಇಂಥ ನೆನಪಿಗೆ 8 ಎಂಬಿ ನಿಘಂಟನ್ನು ಇಟ್ಟುಕೊಳ್ಳುತ್ತದೆ, 9ನೇ ಹಂತದಲ್ಲಿ 64 ಎಂಬಿ. 2016ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ, ಯಾನ್ ಕೊಲೆ ಅವರು ಬರೆದ ಜೆಡ್‌ಸ್ಟ್ಯಾಂಡರ್ಡ್‌ನಲ್ಲಿ ಇದೇ ನೆನಪಿಗೆ ಕಿಟಕಿ ಎಂದು ಹೆಸರು, ಅದು 3ನೇ ಹಂತದಲ್ಲಿ 2 ಎಂಬಿ, 19ನೇ ಹಂತದಲ್ಲಿ 8 ಎಂಬಿ, ಅಲ್ಟ್ರಾ ಎಂದು ಕರೆಯುವ 22ನೇ ಹಂತದಲ್ಲಿ 128 ಎಂಬಿವರೆಗೆ ಹೋಗುತ್ತದೆ. ಕುಗ್ಗಿಸುವಾಗ ನೆನಪಿಟ್ಟುಕೊಂಡದ್ದನ್ನು ಬಿಡಿಸುವಾಗಲೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಗಾತ್ರದ ವಿಷಯಕ್ಕೆ ಬಂದರೆ, ಫೀಡಿನಲ್ಲಿರುವ ಪ್ಯಾಕೇಜುಗಳಲ್ಲಿ ಬಹುಪಾಲು ಕೆಲವೇ ಕೆಬಿಯಿಂದ ಹಿಡಿದು ಕೆಲವು ಹತ್ತು ಕೆಬಿಗಳ ಒಳಗಿನವು. ಅವುಗಳಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರವೇ ಇಲ್ಲ, ಏಕೆಂದರೆ 8 ಎಂಬಿಯ ನಿಘಂಟಿಗೆ 20 ಕೆಬಿಯ ಕಡತದಲ್ಲಿ ಮಾಡಲು ಕೆಲಸವಿಲ್ಲ. ಒಟ್ಟು ಗಾತ್ರವನ್ನು ನಿರ್ಧರಿಸುವುದು ಪೈಥಾನ್, ಓಪನ್‌ಎಸ್‌ಎಸ್‌ಎಲ್, ನಮ್ಮದೇ ಅಪ್ಲಿಕೇಶನ್ ಇಂಥ ಬೆರಳೆಣಿಕೆಯ ದೊಡ್ಡ ಪ್ಯಾಕೇಜುಗಳು. ಅವುಗಳಲ್ಲಿ ಜಿಜಿಪ್‌ಗಿಂತ ಎಕ್ಸ್‌ಜೆಡ್ ಹೆಚ್ಚುಕಡಿಮೆ ಕಾಲುಭಾಗ ಉಳಿಸಿತು. ಜೆಡ್‌ಸ್ಟ್ಯಾಂಡರ್ಡ್ 3ನೇ ಹಂತದಲ್ಲಿ ಜಿಜಿಪ್‌ಗಿಂತ ಸ್ವಲ್ಪ ಚಿಕ್ಕದು, 19ನೇ ಹಂತದಲ್ಲಿ ಎಕ್ಸ್‌ಜೆಡ್‌ಗಿಂತ ತುಸುವೇ ದೊಡ್ಡದು. ಆರ್ಚ್ ಲಿನಕ್ಸ್ 2019ರ ಡಿಸೆಂಬರಿನಲ್ಲಿ ಎಕ್ಸ್‌ಜೆಡ್ ಬಿಟ್ಟು ಜೆಡ್‌ಸ್ಟ್ಯಾಂಡರ್ಡ್‌ನ 20ನೇ ಹಂತಕ್ಕೆ ಹೋದಾಗ ಪ್ಯಾಕೇಜುಗಳ ಒಟ್ಟು ಗಾತ್ರ ಶೇ. 0.8ರಷ್ಟು ಮಾತ್ರ ಬೆಳೆಯಿತು, ಬಿಡಿಸುವ ವೇಗ ಸುಮಾರು ಶೇ. 1300ರಷ್ಟು ಏರಿತು ಎಂದು ಅವರು ಪ್ರಕಟಿಸಿದ್ದರು. ಗಾತ್ರದ ಮಟ್ಟಿಗೆ ನನಗೆ ಕಂಡದ್ದೂ ಆ ದಿಕ್ಕಿನಲ್ಲೇ ಇತ್ತು. ಎಕ್ಸ್‌ಜೆಡ್‌ನ ಪರವಾಗಿ ಒಂದು ಮಾತನ್ನು ಸೇರಿಸಬೇಕು: ಅದರಲ್ಲಿ ಆರ್ಮ್ ಯಂತ್ರಸಂಕೇತಕ್ಕೆಂದೇ ಇರುವ ಬಿಸಿಜೆ ಶೋಧಕಗಳಿವೆ. ಕಾರ್ಯಕ್ರಮಗಳೇ ತುಂಬಿದ ಪ್ಯಾಕೇಜುಗಳಲ್ಲಿ ಅವು ಇನ್ನಷ್ಟು ಉಳಿಸಬಲ್ಲವು, ಆದರೆ ದತ್ತಾಂಶ ತುಂಬಿದ ಪ್ಯಾಕೇಜಿಗೆ ಅವುಗಳಿಂದ ಪ್ರಯೋಜನವಿಲ್ಲ.

ಆರ್ಚ್ ಹೇಳಿದ ಆ ವೇಗ ನಮ್ಮ ಬೋರ್ಡಿನಲ್ಲಿ ಎಷ್ಟು ಸಿಕ್ಕಿತು ಎಂಬುದು ಬೇರೆಯೇ ಕಥೆ. ಪ್ಯಾಕೇಜಿನ ಒಳಗಿನ ಟಾರ್ ಕಡತವನ್ನು ಬಿಡಿಸಿ ಎಲ್ಲಿಯೂ ಬರೆಯದೆ ಎಸೆದುಬಿಟ್ಟರೆ ಜೆಡ್‌ಸ್ಟ್ಯಾಂಡರ್ಡ್ ಎಕ್ಸ್‌ಜೆಡ್‌ಗಿಂತ ಹಲವು ಪಟ್ಟು ಬೇಗ ಮುಗಿಸುತ್ತದೆ. ಯಾವ ಹಂತದಲ್ಲಿ ಕುಗ್ಗಿಸಿದ್ದರೂ ಅದರ ಬಿಡಿಸುವ ವೇಗ ಹೆಚ್ಚು ಬದಲಾಗುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ಓಪಿಕೆಜಿಯ ಇಡೀ ಅನುಸ್ಥಾಪನೆಯನ್ನು ಅಳೆದಾಗ ಆ ಲಾಭದಲ್ಲಿ ದೊಡ್ಡ ಪಾಲು ಕರಗಿಹೋಯಿತು. ಕಾರಣ ಸ್ಪಷ್ಟವಾಗಿದೆ: ಬಿಡಿಸಿದ ಪ್ರತಿ ಕಡತವನ್ನೂ ಯುಬಿಐಎಫ್‌ಎಸ್ ತನ್ನ ಡಿಫಾಲ್ಟ್ ಎಲ್‌ಜೆಡ್‌ಓ ವಿಧಾನದಿಂದ ಮತ್ತೆ ಕುಗ್ಗಿಸಿ ನ್ಯಾಂಡಿಗೆ ಬರೆಯುತ್ತದೆ, ಇದನ್ನೂ ಅದೇ ಒಂಟಿ ಕೋರ್ ಮಾಡಬೇಕು, ಇದರ ನಂತರ ಫ್ಲಾಶಿನ ಬರಹದ ವೇಗ, ಅನುಸ್ಥಾಪನೋತ್ತರ ಸ್ಕ್ರಿಪ್ಟುಗಳು ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. ಎಕ್ಸ್‌ಜೆಡ್‌ನೊಂದಿಗೆ ದೊಡ್ಡ ಪ್ಯಾಕೇಜೊಂದು ಹೋಗುವಾಗ ಕನ್ಸೋಲಿನಲ್ಲಿ ‘ಕಾನ್ಫಿಗರಿಂಗ್’ ಎಂಬ ಸಾಲು ಮೂಡಲು ಕಾಯುವುದು ಬೇಸರ ಹುಟ್ಟಿಸುತ್ತಿತ್ತು, ಜೆಡ್‌ಸ್ಟ್ಯಾಂಡರ್ಡ್‌ನೊಂದಿಗೆ ಆ ಕಾಯುವಿಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆದರೆ ಅದು ಇಂತಿಷ್ಟು ಪಟ್ಟು ಎಂದು ಬಣ್ಣಿಸುವಂಥದ್ದಲ್ಲ. ಜಿಜಿಪ್ ಕೂಡ ಇಲ್ಲಿ ಎಕ್ಸ್‌ಜೆಡ್‌ಗಿಂತ ಮುಂದಿತ್ತು ಎಂಬುದನ್ನು ಮರೆಯಬಾರದು.

ನನ್ನನ್ನು ಈ ಪರೀಕ್ಷೆಗೆ ತಂದದ್ದು ರ‍್ಯಾಮ್. ಎಕ್ಸ್‌ಜೆಡ್‌ನ ಕೈಪಿಡಿಯ ಪ್ರಕಾರ 6ನೇ ಹಂತದಲ್ಲಿ ಕುಗ್ಗಿಸಿದ್ದನ್ನು ಬಿಡಿಸಲು 9 ಎಂಬಿ ಬೇಕು, 9ನೇ ಹಂತದ್ದಕ್ಕೆ 65 ಎಂಬಿ. ನಮ್ಮ ತಂಡದಲ್ಲಿ ಯಾರೋ ಒಮ್ಮೆ ಫೀಡನ್ನು ಇನ್ನಷ್ಟು ಚಿಕ್ಕದು ಮಾಡುವ ಸದುದ್ದೇಶದಿಂದ 6 ಇದ್ದಲ್ಲಿ 9 ಎಂದು ಬರೆದಿದ್ದರು. ಆ ಬದಲಾವಣೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವನು ನಾನೇ. ಚಿಕ್ಕ ಪ್ಯಾಕೇಜುಗಳಲ್ಲಿ ತಿಂಗಳುಗಟ್ಟಲೆ ಏನೂ ತೋರಲಿಲ್ಲ, ಏಕೆಂದರೆ ನಿಘಂಟಿಗೆಂದು ಕೇಳಿದ ಜಾಗವನ್ನು ನಿಜವಾಗಿ ತುಂಬುವಷ್ಟು ದತ್ತಾಂಶ ಅವುಗಳಲ್ಲಿರಲಿಲ್ಲ. ಬಿಡಿಸಿದರೆ 60 ಎಂಬಿ ದಾಟುವ ಪ್ಯಾಕೇಜೊಂದು ಫೀಡಿಗೆ ಸೇರಿದ ದಿನ ಓಪಿಕೆಜಿ ಮಧ್ಯದಲ್ಲೇ ಸತ್ತಿತು. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು, ಅದರ ಮುಂದೆ ಕೊಲ್ಲಲ್ಪಟ್ಟ ಪ್ರಕ್ರಿಯೆಯ ಹೆಸರಾಗಿ ಓಪಿಕೆಜಿ. ಇನ್ನೊಂದು ಸಂಗತಿ ಇದಕ್ಕೆ ಸೇರಿಕೊಂಡಿತ್ತು: ಇಳಿಸಿಕೊಂಡ ಐಪಿಕೆ ಕಡತ ಕುಳಿತಿದ್ದ ಟೆಂಪ್ ಕೋಶ ರ‍್ಯಾಮ್‌ನಲ್ಲೇ ಇರುವ ಟಿಎಂಪಿಎಫ್‌ಎಸ್ ಆಗಿದ್ದರಿಂದ ಅದೂ ಅದೇ 128 ಎಂಬಿಯಲ್ಲಿ ಪಾಲು ಪಡೆದಿತ್ತು. ಅರ್ಧ ಬರೆದ ಕಡತಗಳು ಫ್ಲಾಶಿನಲ್ಲಿ ಉಳಿದವು, ಆ ಪಂಪ್‌ಮನೆಗೆ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಹೋಗಬೇಕಾಯಿತು.

ಜೆಡ್‌ಸ್ಟ್ಯಾಂಡರ್ಡ್‌ಗೆ ಬಂದರೂ ಈ ಎಚ್ಚರ ತಪ್ಪುವುದಿಲ್ಲ. 19ಕ್ಕೆ ನಿಲ್ಲಿಸಿದರೆ ಕಿಟಕಿ 8 ಎಂಬಿಯಲ್ಲೇ ಇರುತ್ತದೆ. 20ನೇ ಹಂತ 32 ಎಂಬಿ, 21ನೇ ಹಂತ 64 ಎಂಬಿ ಕೇಳುತ್ತದೆ. ಡೆಸ್ಕ್‌ಟಾಪ್ ವಿತರಣೆಗಳು 20ನ್ನು ಆರಿಸಿಕೊಂಡಿವೆ ಎಂಬ ಕಾರಣಕ್ಕೆ ನಾವೂ ಆರಿಸಿಕೊಳ್ಳುವುದು ಸರಿಯಲ್ಲ. ರ‍್ಯಾಮ್ ವಿಷಯದಲ್ಲಿ ಯಾವ ಷರತ್ತೂ ಇಲ್ಲದೆ ನಂಬಬಹುದಾದದ್ದು ಜಿಜಿಪ್ ಒಂದೇ, ಅದರ 32 ಕೆಬಿ ಎಂಥ ಪುಟ್ಟ ಸಾಧನಕ್ಕೂ ಹೊರೆಯಲ್ಲ. 64 ಎಂಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇರುವ ರೌಟರ್‌ಗಳಲ್ಲಿ ಓಡುತ್ತಾ ಬಂದ ಓಪನ್‌ಡಬ್ಲ್ಯೂಆರ್‌ಟಿಯ ಐಪಿಕೆಗಳು ವರ್ಷಗಟ್ಟಲೆ ಜಿಜಿಪ್‌ನಲ್ಲೇ ಇದ್ದುದು ಈ ದೃಷ್ಟಿಯಿಂದ ನೋಡಿದರೆ ನನಗೆ ಬಹಳ ಸಮಂಜಸವಾಗಿ ಕಾಣುತ್ತದೆ.

ಬಿಲ್ಡ್ ಸರ್ವರ್‌ನ ಕಡೆಯ ಲೆಕ್ಕ ಬೇರೆ. ಯೋಕ್ಟೋದ ಬಿಲ್ಡ್ ನಡೆಸುವ ಬಿಟ್‌ಬೇಕ್ ಒಂದೇ ಹೊತ್ತಿನಲ್ಲಿ ಹಲವು ರೆಸಿಪಿಗಳ (ತಂತ್ರಾಂಶ ಕಟ್ಟುವ ಸೂಚನೆಗಳ) ಪ್ಯಾಕೇಜ್ ಬರೆಯುವ ಕೆಲಸವನ್ನು ಓಡಿಸುತ್ತದೆ, ಪ್ರತಿ ಎಕ್ಸ್‌ಜೆಡ್ ಕೂಡ ಕೋರುಗಳ ಸಂಖ್ಯೆಗೆ ತಕ್ಕಷ್ಟು ಥ್ರೆಡ್‌ಗಳನ್ನು ತೆರೆಯುತ್ತದೆ. ಒಂದೇ ಥ್ರೆಡ್ಡಿನಲ್ಲಿ ಕುಗ್ಗಿಸಲು 6ನೇ ಹಂತಕ್ಕೆ 94 ಎಂಬಿ, 9ನೇ ಹಂತಕ್ಕೆ 674 ಎಂಬಿ ಬೇಕು ಎಂದ ಮೇಲೆ, ಇದು ಗುಣಿಸಿಕೊಂಡು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಬಹುದು. ಯೋಕ್ಟೋ ಅದಕ್ಕೆಂದೇ ಎಕ್ಸ್‌ಜೆಡ್‌ಗೆ ಸ್ಮೃತಿಯ ಮಿತಿಯನ್ನು ಹಾಕುತ್ತದೆ, ಅದರ ಡಿಫಾಲ್ಟ್ ಸರ್ವರ್‌ನ ರ‍್ಯಾಮ್‌ನಲ್ಲಿ ಶೇ. 50. ಥ್ರೆಡ್‌ಗಳ ಸಂಖ್ಯೆ ಎರಡಕ್ಕಿಂತ ಕೆಳಗೆ ಇಳಿಯದಂತೆಯೂ ಅದು ನೋಡಿಕೊಳ್ಳುತ್ತದೆ. ಒಂದು ಥ್ರೆಡ್ಡಿನ ಎಕ್ಸ್‌ಜೆಡ್ ಮತ್ತು ಹಲವು ಥ್ರೆಡ್ಡಿನ ಎಕ್ಸ್‌ಜೆಡ್ ಬೇರೆ ಬೇರೆ ಬೈಟ್‌ಗಳನ್ನು ಹೊರಡಿಸುವುದರಿಂದ, ಎರಡು ಸರ್ವರ್‌ಗಳು ಒಂದೇ ಮೂಲದಿಂದ ಒಂದೇ ಪ್ಯಾಕೇಜನ್ನು ಹೊರತರಬೇಕೆಂದರೆ ಈ ಎಚ್ಚರ ಬೇಕೇಬೇಕು. ನಮ್ಮಲ್ಲಿ ಹೆಚ್ಚು ಹೊತ್ತು ತಿನ್ನುತ್ತಿದ್ದದ್ದು ಸಾಧನಕ್ಕೆ ಎಂದೂ ಹೋಗದ ಡೀಬಗ್ ಪ್ಯಾಕೇಜುಗಳು. ಡೆವಲಪರ್‌ಗಳ ನಿತ್ಯದ ಬಿಲ್ಡಿಗೆ ಜೆಡ್‌ಸ್ಟ್ಯಾಂಡರ್ಡ್‌ನ 3ನೇ ಹಂತ ಹಾಕಿದಾಗ ಈ ಕಾಯುವಿಕೆ ಬಹುತೇಕ ಇಲ್ಲವಾಯಿತು, ಇದು ನನಗೆ ಸಿಕ್ಕ ಅತ್ಯಂತ ಸಂತೋಷದ ಫಲಿತಾಂಶ. 19ನೇ ಹಂತ ಮಾತ್ರ ಕುಗ್ಗಿಸುವಾಗ ಎಕ್ಸ್‌ಜೆಡ್‌ನಷ್ಟೇ ತಾಳ್ಮೆ ಬೇಡುತ್ತದೆ, ಅದರಿಂದ ಸರ್ವರ್‌ಗೆ ಬಿಡುವು ಸಿಗುತ್ತದೆಂದು ಭಾವಿಸಬಾರದು.

ಬಿಜಿಪ್2 ಮತ್ತು ಎಲ್‌ಜೆಡ್4 ಎರಡನ್ನೂ ಒಂದೊಂದು ಸಲ ಓಡಿಸಿ ಬಿಟ್ಟೆ. ಬಿಜಿಪ್2 ಬಿಡಿಸುವಾಗ ನಿಧಾನ, ಎಲ್‌ಜೆಡ್4 ಕುಗ್ಗಿಸುವುದು ತೀರ ಕಡಿಮೆ. ಬೂಟ್ ಆಗುವ ಹೊತ್ತಿನಲ್ಲಿ ಬಿಡಿಸಬೇಕಾದ ಇಮೇಜಿಗೆ ಎರಡನೆಯದು ಒಪ್ಪಬಹುದು, ಸಿಮ್ ಮೂಲಕ ಇಳಿಯುವ ಪ್ಯಾಕೇಜಿಗೆ ಒಪ್ಪುವುದಿಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾದ ಮೇಲೆ ಅದನ್ನು ಬಿಟ್ಟುಬಿಡೋಣ ಎಂಬ ಮಾತೂ ನಮ್ಮಲ್ಲಿ ಎದ್ದಿತ್ತು. ದೋಷ ಇದ್ದದ್ದು ಆ ಎರಡು ಆವೃತ್ತಿಗಳ ಬಿಡುಗಡೆಯ ಕಡತಗಳಲ್ಲಿ, ಕಡತ ಸ್ವರೂಪದಲ್ಲಲ್ಲ. ಆದ್ದರಿಂದ ಅದನ್ನು ಈ ಹೋಲಿಕೆಯಲ್ಲಿ ತೂಕಕ್ಕೆ ಹಾಕಲಿಲ್ಲ.

ಬದಲಾಯಿಸುವ ಹಾದಿಯಲ್ಲಿ ಒಂದು ಬಲೆ ಇದೆ, ಅದನ್ನು ಬಿಡಿಸಿ ಹೇಳಬೇಕು. ಮೂರು ವರ್ಷ ಹಳೆಯ ಇಮೇಜ್ ಇದ್ದ ಗೇಟ್‌ವೇಯೊಂದನ್ನು ಕಪಾಟಿನಿಂದ ತೆಗೆದು ಜೆಡ್‌ಸ್ಟ್ಯಾಂಡರ್ಡ್ ಫೀಡಿಗೆ ಜೋಡಿಸಿದೆ. ಓಪಿಕೆಜಿ ಅಪ್‌ಡೇಟ್ ಯಾವ ತಕರಾರೂ ಇಲ್ಲದೆ ಮುಗಿಯಿತು, ಏಕೆಂದರೆ ಪ್ಯಾಕೇಜುಗಳ ಪಟ್ಟಿ ಈಗಲೂ ಜಿಜಿಪ್‌ನಲ್ಲೇ ಬರುತ್ತದೆ. ಅಪ್‌ಗ್ರೇಡ್ ಎಂದ ಕೂಡಲೇ ಪ್ಯಾಕೇಜ್ ಇಳಿಯಿತು, ಆದರೆ ತೆರೆಯಲಿಲ್ಲ. ಜೆಡ್‌ಸ್ಟ್ಯಾಂಡರ್ಡ್ ಬಲ್ಲ ಓಪಿಕೆಜಿಯೂ ಕುಗ್ಗಿಸಿದ ಕಡತಗಳನ್ನು ಅದಕ್ಕಾಗಿ ತೆರೆಯುವ ಲಿಬ್‌ಆರ್ಕೈವ್ ಲೈಬ್ರರಿಯೂ ಆ ಫೀಡಿನಲ್ಲೇ ಇದ್ದವು, ಅವೂ ಜೆಡ್‌ಸ್ಟ್ಯಾಂಡರ್ಡ್‌ನಲ್ಲೇ ಸುತ್ತಿಟ್ಟಿದ್ದವು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತಾಗಿತ್ತು. ಪರಿಹಾರವಾಗಿ ನಡುವೆ ಒಂದು ಬಿಡುಗಡೆಯನ್ನು ಇಟ್ಟೆವು: ಹೊಸ ಓಪಿಕೆಜಿ, ಹೊಸ ಲಿಬ್‌ಆರ್ಕೈವ್, ಎರಡೂ ಎಕ್ಸ್‌ಜೆಡ್‌ನ 6ನೇ ಹಂತದಲ್ಲಿ, ಹಳೆಯ ವಿಳಾಸದಲ್ಲಿ. ಅವು ಕೂತ ಮೇಲಷ್ಟೇ ಸಾಧನ ಹೊಸ ಫೀಡಿನ ವಿಳಾಸಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ತಿಂಗಳುಗಟ್ಟಲೆ ಕರೆಂಟ್ ತೆಗೆದಿಟ್ಟ ಪಂಪ್‌ಮನೆಗಳ ಗೇಟ್‌ವೇಗಳು ಮಳೆ ಬಂದ ಮೇಲೆ ಎಚ್ಚರಗೊಂಡು ಹಳೆಯ ವಿಳಾಸವನ್ನೇ ಕೇಳುತ್ತವೆ. ಹಾಗಾಗಿ ಆ ನಡುವಿನ ಫೀಡನ್ನು ಅಳಿಸುವ ದಿನಾಂಕವನ್ನು ನಾನು ಗೊತ್ತುಮಾಡಿಲ್ಲ.

128 ಎಂಬಿಯ ಗೇಟ್‌ವೇಗಳಿಗೆ ಬಿಡುಗಡೆಯ ಫೀಡು ಈಗ ಜೆಡ್‌ಸ್ಟ್ಯಾಂಡರ್ಡ್‌ನ 19ನೇ ಹಂತದಲ್ಲಿದೆ. ಗಾತ್ರದಲ್ಲಿ ಎಕ್ಸ್‌ಜೆಡ್ ಗೆದ್ದ ಆ ಸ್ವಲ್ಪವನ್ನು ಬಿಟ್ಟುಕೊಡಲು ನಾನು ಒಪ್ಪಿದ್ದು, ಅನುಸ್ಥಾಪನೆ ನಡೆಯುವಷ್ಟು ಹೊತ್ತು ಮೋಟಾರಿನ ಸ್ಥಿತಿಯನ್ನು ನೋಡಿಕೊಳ್ಳುವ ಪ್ರಕ್ರಿಯೆಗೆ ಆ ಒಂಟಿ ಕೋರಿನಲ್ಲಿ ಹೆಚ್ಚು ಬಿಡುವು ಸಿಗುತ್ತದೆ ಎಂಬ ಕಾರಣಕ್ಕೆ. ನಮ್ಮಲ್ಲಿ ಇನ್ನೂ ಉಳಿದಿರುವ 64 ಎಂಬಿಯ ಮೊದಲ ಮಾದರಿಗಳನ್ನು ಎಕ್ಸ್‌ಜೆಡ್‌ನಿಂದ ಜಿಜಿಪ್‌ಗೆ ಹಿಂತಿರುಗಿಸಿದೆ. ಅವುಗಳ ಸಿಮ್ ಬಳಕೆ ಅಷ್ಟರ ಮಟ್ಟಿಗೆ ಏರಿದೆ, ಓಪಿಕೆಜಿ ಮಾತ್ರ ಅಂದಿನಿಂದ ಒಮ್ಮೆಯೂ ಮಧ್ಯದಲ್ಲಿ ಸತ್ತಿಲ್ಲ.